ಎರಡು ಸಾವಿರದ ಆಸೆಗೆ ಪುಣೆ ಬಸ್ ಹತ್ತುವ ಮೊದಲು

ಐಟಿಐ ಫಲಿತಾಂಶ ಬಂತೆಂದರೆ ಕಲಬುರಗಿಯ ನಮ್ಮ ಗಾಡಿ ಸರ್ವಿಸ್ ಸೆಂಟರ್‌ಗೆ ಹುಡುಗರ ಜೊತೆ ಅಪ್ಪಂದಿರೂ ಬರುತ್ತಾರೆ. ಬಹುತೇಕರದು ಒಂದೇ ಪ್ರಶ್ನೆ: "ಸರ್, ಪುಣೆ ಗಾಡಿ ಫ್ಯಾಕ್ಟರಿದಾಗ ಅಪ್ರೆಂಟಿಸ್‌ಗೆ ಎರಡ್ ಸಾವಿರ ಜಾಸ್ತಿ ಕೊಡ್ತಾರಂತ್ರಿ, ಅಲ್ಲಿಗೇ ಕಳಸ್ಲೇನ್ರಿ?" ಅಪ್ರೆಂಟಿಸ್‌ಗಳನ್ನು, ಅಂದರೆ ಕೆಲಸ ಮಾಡುತ್ತಲೇ ಕಲಿಯುವ ಹುಡುಗರನ್ನು, ತರಬೇತು ಮಾಡುವ ಕೆಲಸದಲ್ಲಿರುವ ನಾನು ಹೇಳುವುದಿಷ್ಟೇ: ಸ್ಟೈಪೆಂಡ್ (ಕಲಿಯುವಾಗ ತಿಂಗಳಿಗೆ ಕೊಡುವ ಹಣ) ಎಷ್ಟು ಅಂತ ಆಮೇಲೆ ಕೇಳಿ, ಹುಡುಗನ ಕೈಗೆ ಯಾವ ಕೆಲಸ ಕೊಡ್ತಾರೆ ಅಂತ ಮೊದಲು ಕೇಳಿ.

ದೊಡ್ಡ ಕಾರ್ಖಾನೆಯ ಅಸೆಂಬ್ಲಿ ಲೈನಿನಲ್ಲಿ ಅಪ್ರೆಂಟಿಸ್‌ಗೆ ಸಾಮಾನ್ಯವಾಗಿ ಒಂದು ಜಾಗ, ಒಂದು ಕೆಲಸ. ಬಂದ ಗಾಡಿಗೆಲ್ಲ ಅದೇ ಬೋಲ್ಟ್, ಅದೇ ಟಾರ್ಕ್ (ಬೋಲ್ಟ್ ತಿರುಗಿಸುವ ಅಳತೆಯ ಬಲ). ಶಿಸ್ತು, ವೇಗ, ಸುರಕ್ಷತೆ ಚೆನ್ನಾಗಿ ಬರುತ್ತದೆ. ಕಾರ್ಖಾನೆಯಲ್ಲೇ ಬೆಳೆಯುವ ಮನಸ್ಸಿದ್ದರೆ ಖಂಡಿತ ಹೋಗಲಿ. ಬೀದರ್ ಕಡೆಯವರಿಗಂತೂ ಗಡಿ ದಾಟಿದರೆ ಜಹೀರಾಬಾದ್‌ನಲ್ಲಿ ಮಹೀಂದ್ರಾ ಟ್ರ್ಯಾಕ್ಟರ್ ಕಾರ್ಖಾನೆಯೇ ಇದೆ. ಆದರೆ ಮುಂದೆ ಸೇಡಂನಲ್ಲೋ ಶಹಾಪುರದಲ್ಲೋ ಸ್ವಂತ ಗ್ಯಾರೇಜ್ ಹಾಕುತ್ತೇನೆ ಅನ್ನುವ ಹುಡುಗ ಇಡೀ ಗಾಡಿ ಬಿಚ್ಚುವ ಕಡೆ ಇರಬೇಕು. ಅಂದರೆ ಸರ್ವಿಸ್ ಸೆಂಟರ್, ಇಲ್ಲವೇ ಬಸ್ ಡಿಪೋ. ಕಲ್ಯಾಣ ಕರ್ನಾಟಕ ಸಾರಿಗೆ ನಿಗಮದ ಕೇಂದ್ರ ಕಚೇರಿ ನಮ್ಮೂರಲ್ಲೇ ಇದೆ, ಐಟಿಐ ಮುಗಿಸಿದವರನ್ನು ಅದೂ ಅಪ್ರೆಂಟಿಸ್ ಆಗಿ ತೆಗೆದುಕೊಳ್ಳುತ್ತದೆ. ಮೇಲಾಗಿ ಪುಣೆಯ ಆ ಎರಡು ಸಾವಿರ ರೂಮ್ ಬಾಡಿಗೆಗೇ ಸಾಲುವುದಿಲ್ಲ.

ಇಡೀ ಗಾಡಿ ನೋಡುವುದರಿಂದ ಏನು ಬರುತ್ತದೆ? ಕಳೆದ ಬೇಸಿಗೆಯಲ್ಲಿ ಸ್ಟಾರ್ಟ್ ಆಗದ ಕಾರೊಂದನ್ನು ತಳ್ಳಿಕೊಂಡು ಬಂದರು. ಮಾಲೀಕರು ಆಗಲೇ ಬೇರೆ ಕಡೆ ಹೊಸ ಬ್ಯಾಟರಿ ಹಾಕಿಸಿದ್ದರು. ನಮ್ಮ ಅಪ್ರೆಂಟಿಸ್ ನೇರ ಸ್ಟಾರ್ಟರ್ ಮೋಟರ್ ಬಿಚ್ಚಲು ಸ್ಪ್ಯಾನರ್ ಹಿಡಿದ. ತಡೆದು, ವೋಲ್ಟ್ ಅಳೆಯುವ ಮಲ್ಟಿಮೀಟರ್ ಕೊಟ್ಟೆ. ಒಂದು ಕಡ್ಡಿ ಬ್ಯಾಟರಿಯ ನೆಗೆಟಿವ್ ಮೇಲೆ, ಇನ್ನೊಂದು ಇಂಜಿನ್ನಿನ ಕಬ್ಬಿಣದ ಮೇಲೆ ಇಟ್ಟು, ಕೀ ತಿರುಗಿಸಿ ಸೆಲ್ಫ್ ಹೊಡೆಯುವಾಗ ರೀಡಿಂಗ್ ನೋಡು ಅಂದೆ. ಅಲ್ಲಿ ಅರ್ಧ ವೋಲ್ಟ್ ದಾಟಬಾರದು. ಇವನಿಗೆ ಒಂದು ವೋಲ್ಟ್‌ಗೂ ಮೇಲೆ ಬಂತು. ಅಂದರೆ ತೊಂದರೆ ಅರ್ಥ್ ದಾರಿಯಲ್ಲಿದೆ, ಇಂಜಿನ್ನಿಗೂ ಬ್ಯಾಟರಿಯ ನೆಗೆಟಿವ್‌ಗೂ ನಡುವೆ ಕರೆಂಟ್‌ಗೆ ತಡೆ ಇದೆ. ಅರ್ಥ್ ಕೇಬಲ್ಲಿನ ಬೋಲ್ಟ್ ಬಿಚ್ಚಿದರೆ ಕೆಳಗೆಲ್ಲ ತುಕ್ಕು. ಪಾಲಿಶ್ ಪೇಪರ್‌ನಿಂದ ಉಜ್ಜಿ ಬಿಗಿ ಮಾಡಿದ, ಗಾಡಿ ಒಂದೇ ಸೆಲ್ಫಿಗೆ ಎದ್ದಿತು. 2020ರ ಏಪ್ರಿಲ್‌ನಿಂದ ಬಿಎಸ್6 ಅನ್ನುವ ಹೊಗೆ ನಿಯಮ ಬಂದ ಮೇಲೆ ಗಾಡಿಯಲ್ಲಿ ಸೆನ್ಸರ್‌ಗಳೇ ತುಂಬಿವೆ. ಗಾಡಿಗೆ ಜೋಡಿಸುವ ಸ್ಕ್ಯಾನರ್ ದೋಷದ ಕೋಡ್ ತೋರಿಸುತ್ತದೆ, ಆದರೆ ಕೆಟ್ಟದ್ದು ಸೆನ್ಸರೋ ಅದರ ವೈರೋ ಅಂತ ಅಳೆದೇ ನೋಡಬೇಕು. ಅಳೆಯದೆ ಪಾರ್ಟ್ ಬದಲಿಸುವವನಿಗೆ ನಾನು ಮೆಕ್ಯಾನಿಕ್ ಅನ್ನುವುದಿಲ್ಲ.

ಇನ್ನು ಕಾಗದಪತ್ರ. "ನಾಳೆಯಿಂದ ಬಾ" ಅಂದ ಕೂಡಲೇ ಹೋಗಬೇಡಿ. ಸರ್ಕಾರದ ಅಪ್ರೆಂಟಿಸ್‌ಶಿಪ್ ಪೋರ್ಟಲ್‌ನಲ್ಲಿ ಕರಾರು ನೋಂದಣಿ ಆಗಿದೆಯೇ ನೋಡಿ. ಅದಿದ್ದರೇ 1961ರ ಅಪ್ರೆಂಟಿಸ್ ಕಾಯ್ದೆಯ ಆಸರೆ: ಕೆಲಸದಲ್ಲಿ ಕೈಗೆ ಪೆಟ್ಟಾದರೆ ಪರಿಹಾರ ಕೊಡುವ ಹೊಣೆ ಮಾಲೀಕರದು, ಕೊನೆಗೆ ಪರೀಕ್ಷೆ ಪಾಸಾದರೆ ಪ್ರಮಾಣಪತ್ರ. 2019ರ ನಿಯಮದಲ್ಲಿ ಐಟಿಐ ಮುಗಿಸಿದವರಿಗೆ ತಿಂಗಳಿಗೆ ಕನಿಷ್ಠ 7,000, ಡಿಪ್ಲೊಮಾದವರಿಗೆ 8,000 ರೂಪಾಯಿ ಅಂತ ಇಟ್ಟರು. ಕೇಂದ್ರದ ಯೋಜನೆಯಲ್ಲಿ ಸ್ಟೈಪೆಂಡಿನ ಕಾಲು ಭಾಗ, ಹೆಚ್ಚೆಂದರೆ 1,500 ರೂಪಾಯಿ, ಸರ್ಕಾರದಿಂದ ನೇರ ಹುಡುಗನ ಖಾತೆಗೆ ಬರುತ್ತದೆ. ಖಾತೆಗೆ ಆಧಾರ್ ಜೋಡಣೆ ಆಗಿರದಿದ್ದರೆ ಆ ಪಾಲು ಅಲ್ಲೇ ನಿಲ್ಲುತ್ತದೆ. ತಿಂಗಳುಗಟ್ಟಲೆ ಮಾಲೀಕರನ್ನೇ ಬೈದುಕೊಂಡು ಓಡಾಡಿದವರನ್ನು ಕಂಡಿದ್ದೇನೆ. ತರಬೇತಿ ಮುಗಿದ ಮೇಲೆ ನೌಕರಿ ಕೊಡಲೇಬೇಕು ಅಂತ ಕಾಯ್ದೆಯಲ್ಲಿಲ್ಲ. ಕರಾರಿನಲ್ಲಿ ಬರೆದಿದ್ದರೆ ಮಾತ್ರ ಕೇಳಬಹುದು, ಬಾಯಿಮಾತು ನಂಬಬೇಡಿ.

ನಮ್ಮ ಕಡೆ ಇವತ್ತಿಗೂ ಎಷ್ಟೋ ಹುಡುಗರು ಗ್ಯಾರೇಜ್ ನಡೆಸುವ ಉಸ್ತಾದ್ ಕೈಕೆಳಗೇ ಕಲಿಯುತ್ತಾರೆ. ಅದನ್ನು ನಾನು ಹಗುರ ಮಾಡುವುದಿಲ್ಲ. ಇಂಜಿನ್ ಸದ್ದು ಕೇಳಿಯೇ ಯಾವ ಬೇರಿಂಗ್ ಹೋಗಿದೆ ಅನ್ನುವ ಉಸ್ತಾದರು ಈ ಊರಲ್ಲಿದ್ದಾರೆ. ಕೊರತೆ ಏನೆಂದರೆ, ಹತ್ತು ವರ್ಷ ದುಡಿದರೂ ಹುಡುಗನ ಕೈಯಲ್ಲಿ ಒಂದು ತುಂಡು ಕಾಗದ ಇರುವುದಿಲ್ಲ. ಹೊಸ ಗಾಡಿಯ ಸ್ಕ್ಯಾನರ್ ಮುಟ್ಟುವ ಅವಕಾಶವೂ ಕಡಿಮೆ. 30 ಮತ್ತು ಅದಕ್ಕಿಂತ ಹೆಚ್ಚು ಜನ ದುಡಿಯುವ ಕಡೆ ಅಪ್ರೆಂಟಿಸ್ ಇಟ್ಟುಕೊಳ್ಳುವುದು ಕಡ್ಡಾಯ ಅನ್ನುವುದು ಹಲವರಿಗೆ ಗೊತ್ತು. 4ರಿಂದ 29 ಜನ ಇರುವವರೂ ಇಷ್ಟಪಟ್ಟರೆ ಇಟ್ಟುಕೊಳ್ಳಬಹುದು ಅನ್ನುವುದು ಗ್ಯಾರೇಜ್ ಸಾಲಿನಲ್ಲಿ ಹೆಚ್ಚು ಜನರಿಗೆ ಗೊತ್ತಿಲ್ಲ. ನಿಮ್ಮ ಉಸ್ತಾದರ ಬಳಿ ನಾಲ್ಕು ಜನ ದುಡಿಯುತ್ತಿದ್ದರೆ, ಪೋರ್ಟಲ್‌ನಲ್ಲಿ ಗ್ಯಾರೇಜ್ ನೋಂದಾಯಿಸಲು ಕೇಳಿನೋಡಿ. ಹೇಗೆ ಅಂತ ಗೊತ್ತಾಗದಿದ್ದರೆ ಸರ್ಕಾರಿ ಐಟಿಐಗೆ ಅವರನ್ನೇ ಕರೆದುಕೊಂಡು ಹೋಗಿ ವಿಚಾರಿಸಿ.