ಏಲಿಯನ್ 3 ನೋಡಿ ಜನ ಯಾಕೆ ಅಷ್ಟು ಸಿಟ್ಟಾದ್ರು? ಪ್ರೇಕ್ಷಕರ ಪ್ರತಿಕ್ರಿಯೆ ಪಾಠಕ್ಕೆ ನನ್ನ ಟಿಪ್ಪಣಿ

ಈ ಪಾಠ ಓದ್ತಿರೋ ಎಲ್ರಿಗೂ ಮೊದ್ಲೇ ಒಂದು ಮಾತು. "ಸಿನಿಮಾ ಜನಕ್ಕೆ ಹಿಡಿಸ್ಲಿಲ್ಲ" ಅಂತ ಬರೆದು ಮುಂದಿನ ಪ್ರಶ್ನೆಗೆ ಹೋಗ್ಬೇಡಿ. ಯಾವ ಜನಕ್ಕೆ, ಎಷ್ಟನೇ ನಿಮಿಷದಲ್ಲಿ, ಏನು ಮನಸಲ್ಲಿ ಇಟ್ಕೊಂಡು ಥಿಯೇಟರ್‌ಗೆ ಬಂದೋರಿಗೆ ಹಿಡಿಸ್ಲಿಲ್ಲ ಅನ್ನೋದನ್ನ ಬಿಡಿಸಿ ಹೇಳಿದ್ರೆ ಮಾತ್ರ ಅದು ಅಧ್ಯಯನ ಆಗುತ್ತೆ. ನಾನು ಇದಕ್ಕೆ 1992ರ ಏಲಿಯನ್ 3 ತಗೊಂಡಿದೀನಿ, ಯಾಕಂದ್ರೆ ಒಂದೇ ಸಿನಿಮಾ ಬಗ್ಗೆ ಎರಡು ಥರದ ಸಿಟ್ಟು ಇಲ್ಲಿ ಸಿಗುತ್ತೆ, ಒಂದು ವರ್ಷಗಳು ಕಳೀತಾ ಆರಿಹೋಯ್ತು, ಇನ್ನೊಂದು ಇವತ್ತಿಗೂ ಹಾಗೇ ಇದೆ. ಆ ವ್ಯತ್ಯಾಸ ಎಲ್ಲಿಂದ ಬಂತು ಅನ್ನೋದೇ ಈ ಟಿಪ್ಪಣಿಯ ವಿಷಯ.

ಹಿನ್ನೆಲೆ ಬೇಗ ಹೇಳ್ತೀನಿ. 1979ರಲ್ಲಿ ರಿಡ್ಲಿ ಸ್ಕಾಟ್ ನಿರ್ದೇಶನದ ಏಲಿಯನ್ ಬಂತು, ಬೇರೆಯವರ ದೇಹದೊಳಗೆ ಬೆಳೆದು ಎದೆ ಸೀಳಿ ಹುಟ್ಟೋ ಅನ್ಯಗ್ರಹ ಜೀವಿಯ ಭಯಾನಕ ಕಥೆ, ಅದರ ನಾಯಕಿ ರಿಪ್ಲಿ. 1986ರಲ್ಲಿ ಜೇಮ್ಸ್ ಕ್ಯಾಮರೂನ್ ಏಲಿಯನ್ಸ್ ಮಾಡಿದ್ರು, ಅದು ಸಖತ್ ಹಿಟ್, ಅಮೆರಿಕದಲ್ಲೇ ಸುಮಾರು 8.5 ಕೋಟಿ ಡಾಲರ್ ಕಲೆಕ್ಷನ್, ರಿಪ್ಲಿ ಪಾತ್ರ ಮಾಡಿದ ಸಿಗೋರ್ನಿ ವೀವರ್‌ಗೆ ಅತ್ಯುತ್ತಮ ನಟಿ ಆಸ್ಕರ್ ನಾಮಿನೇಷನ್ ಕೂಡ ಬಂತು. ಆಮೇಲೆ ಆರು ವರ್ಷ ಗ್ಯಾಪ್. 1992ರ ಮೇ 22ಕ್ಕೆ ಏಲಿಯನ್ 3 ಅಮೆರಿಕದಲ್ಲಿ ರಿಲೀಸ್ ಆಯ್ತು, ನಿರ್ದೇಶಕ ಡೇವಿಡ್ ಫಿಂಚರ್, ಅದು ಅವರ ಮೊದಲನೇ ಸಿನಿಮಾ, ರಿಲೀಸ್ ಟೈಮಲ್ಲಿ ವಯಸ್ಸು 29.

ಈಗ ಏಲಿಯನ್ಸ್ ಸಿನಿಮಾದ ಕೊನೇ ಭಾಗ ಸ್ವಲ್ಪ ಹತ್ತಿರದಿಂದ ನೋಡೋಣ, ಸಿಟ್ಟಿನ ಬೀಜ ಇರೋದು ಅಲ್ಲೇ. ನ್ಯೂಟ್ ಅಂತ ಒಂದು ಪುಟ್ಟ ಹುಡುಗಿ, ಅಪ್ಪ ಅಮ್ಮ ಅಣ್ಣ ಎಲ್ಲರನ್ನೂ ಕಳ್ಕೊಂಡು ಗಾಳಿ ಹೋಗೋ ಕೊಳವೆಗಳಲ್ಲಿ ಬಚ್ಚಿಟ್ಟುಕೊಂಡು ಒಬ್ಬಳೇ ಬದುಕಿರ್ತಾಳೆ. ಕೊನೇಲಿ ಅವಳನ್ನ ಜೀವಿಗಳು ಎಳ್ಕೊಂಡು ಹೋಗ್ತವೆ, ಇಡೀ ಜಾಗ ಇನ್ನೇನು ಸ್ಫೋಟ ಆಗ್ಬೇಕು, ತಪ್ಪಿಸ್ಕೊಳ್ಳೋಕೆ ವಿಮಾನ ರೆಡಿ ಇದೆ. ಆದ್ರೂ ರಿಪ್ಲಿ ವಾಪಸ್ ಇಳೀತಾಳೆ. ಇಳಿಯೋಕೆ ಮುಂಚೆ ಗನ್ನಿಗೂ ಬೆಂಕಿ ಉಗುಳೋ ಯಂತ್ರಕ್ಕೂ ಟೇಪ್ ಸುತ್ತಿ ಒಂದು ಮಾಡ್ತಾಳಲ್ಲ, ಆ ಶಾಟ್‌ನಲ್ಲಿ ಅವಳ ಕೈ ನೋಡಿ, ಮಾತೇ ಇಲ್ಲ, ಬರೀ ಕೆಲಸ. ನ್ಯೂಟ್ ಎಲ್ಲಿದಾಳೆ ಅಂತ ತೋರ್ಸೋ ಪಟ್ಟಿ ನೆಲದ ಮೇಲೆ ಬಿದ್ದಿರೋದು ಸಿಕ್ಕಾಗ ರಿಪ್ಲಿ ಕುಸಿದು ಹೋಗ್ತಾಳೆ, ಅಷ್ಟರಲ್ಲಿ ಹುಡುಗಿಯ ಕೂಗು ಕೇಳುತ್ತೆ. ಕೊನೆಗೆ ನ್ಯೂಟ್ ಅವಳನ್ನ ಅಮ್ಮ ಅಂತ ಕರೆದು ತಬ್ಕೋತಾಳೆ. ಗಾಯಗೊಂಡ ಸೈನಿಕ ಹಿಕ್ಸ್, ಅರ್ಧ ದೇಹ ಉಳಿದಿರೋ ಯಂತ್ರಮಾನವ ಬಿಷಪ್, ನ್ಯೂಟ್, ರಿಪ್ಲಿ, ನಾಲ್ಕೂ ಜನ ದೀರ್ಘ ನಿದ್ದೆಯ ಪೆಟ್ಟಿಗೆಗಳಲ್ಲಿ ಮಲಗ್ತಾರೆ. ಇನ್ಮೇಲೆ ಕನಸು ಕಾಣ್ಬಹುದು ಅನ್ನೋ ಭರವಸೆ ಮೇಲೆ ಸಿನಿಮಾ ಮುಗಿಯುತ್ತೆ.

ಪ್ರೇಕ್ಷಕ ಆ ಭರವಸೆನ ಆರು ವರ್ಷ ಜೋಪಾನ ಮಾಡ್ದ. ಇದು ಸುಮ್ನೆ ಹೇಳೋ ಮಾತಲ್ಲ, 1988ರಿಂದಲೇ ಡಾರ್ಕ್ ಹಾರ್ಸ್ ಕಂಪನಿ ಈ ಕಥೆ ಮುಂದುವರಿಸಿ ಕಾಮಿಕ್ಸ್ ತಂದಿತ್ತು, ಅದರಲ್ಲಿ ನ್ಯೂಟ್ ದೊಡ್ಡವಳಾಗಿದಾಳೆ, ಹಿಕ್ಸ್ ಬದುಕಿದಾನೆ. ಅಂದ್ರೆ ಓದುಗರ ಪಾಲಿಗೆ ಇವರ ಬಾಳು ಮುಂದೆ ಸಾಗಿಬಿಟ್ಟಿತ್ತು.

ಇದರ ಮೇಲೆ 1991ರಲ್ಲಿ ಬಂದ ಟೀಸರ್. 1979ರಲ್ಲಿ ಅಂತರಿಕ್ಷದಲ್ಲಿ ನಿಮ್ಮ ಕಿರುಚಾಟ ಯಾರಿಗೂ ಕೇಳಿಸಲ್ಲ ಅಂತ ಗೊತ್ತಾಯ್ತು, 1992ರಲ್ಲಿ ಭೂಮಿ ಮೇಲೆ ಎಲ್ಲರಿಗೂ ಕೇಳುತ್ತೆ ಅನ್ನೋ ಅರ್ಥದ ಸಾಲು ಅದರಲ್ಲಿತ್ತು. ನೋಡಿದೋರು ಏನು ಅಂದ್ಕೋತಾರೆ? ಜೀವಿಗಳು ಭೂಮಿಗೇ ಬರ್ತವೆ ಅಂತ ತಾನೇ. ಸಿನಿಮಾದಲ್ಲಿ ಭೂಮಿಯ ಸುಳಿವೇ ಇಲ್ಲ, ಇಡೀ ಕಥೆ ಫಿಯೊರಿನಾ 161 ಅನ್ನೋ ದೂರದ ಗ್ರಹದ ಜೈಲಲ್ಲಿ ನಡೆಯುತ್ತೆ. ಯಾಕೆ ಹೀಗಾಯ್ತು ಅಂದ್ರೆ ಕಥೆ ಒಂದು ಕಡೆ ನಿಂತೇ ಇರ್ಲಿಲ್ಲ. ಕಾದಂಬರಿಕಾರ ವಿಲಿಯಂ ಗಿಬ್ಸನ್ ಒಂದು ಸ್ಕ್ರಿಪ್ಟ್ ಬರೆದ್ರು, ಅದರಲ್ಲಿ ಹಿಕ್ಸ್ ಮತ್ತು ಬಿಷಪ್ ಮುಖ್ಯ ಪಾತ್ರ, ಆಮೇಲೆ ಎರಿಕ್ ರೆಡ್, ಡೇವಿಡ್ ಟೂಹಿ ಬರೆದ್ರು, ವಿನ್ಸೆಂಟ್ ವಾರ್ಡ್ ಅಂತೂ ಮರದಿಂದ ಮಾಡಿದ ಗ್ರಹ, ಅದರ ತುಂಬ ಸನ್ಯಾಸಿಗಳು ಅಂತ ಕಲ್ಪಿಸಿದ್ರು, ಕೊನೆಗೆ ಟೂಹಿಯ ಜೈಲು, ವಾರ್ಡ್‌ನ ಸನ್ಯಾಸಿಗಳು ಎರಡೂ ಕಲೆಸಿ ದೇವರನ್ನ ನಂಬೋ ಕೈದಿಗಳ ಜೈಲು ಆಯ್ತು. ಇಂಗ್ಲೆಂಡಿನ ಪೈನ್‌ವುಡ್ ಸ್ಟುಡಿಯೋದಲ್ಲಿ ಶೂಟಿಂಗ್ ಶುರುವಾದಾಗ್ಲೂ ಸ್ಕ್ರಿಪ್ಟ್ ಪೂರ್ತಿ ಆಗಿರ್ಲಿಲ್ಲ. ಇಷ್ಟೆಲ್ಲ ಹೇಳಿದ್ದು ಫಿಂಚರ್ ಪರ ವಾದ ಮಾಡೋಕಲ್ಲ, ಪ್ರೇಕ್ಷಕನಿಗೆ ಕೊಟ್ಟ ಮಾತು ಒಂದು ಕೈಯಿಂದ ಬಂತು, ಸಿನಿಮಾ ಇನ್ನೊಂದು ಕೈಯಿಂದ ಬಂತು ಅನ್ನೋದು ನೆನಪಿರ್ಲಿ ಅಂತ.

ಇನ್ನು ಸಿನಿಮಾದ ಶುರು. ಟೈಟಲ್ ಕಾರ್ಡ್‌ಗಳ ಮಧ್ಯೆ ಮಧ್ಯೆ ಚೂರು ಚೂರು ಶಾಟ್ ಬರುತ್ತೆ: ಹಡಗಿನೊಳಗೆ ಒಂದು ಮೊಟ್ಟೆ, ಬೆರಳು ಥರದ ಕಾಲುಗಳು, ಬಿರುಕು ಬಿಡ್ತಿರೋ ಗಾಜು, ನೆಲ ಸುಡೋ ಆಸಿಡ್, ಬೆಂಕಿ, ಆಮೇಲೆ ಮಲಗಿದ್ದೋರನ್ನೆಲ್ಲ ಹೊತ್ತ ಪಾಡ್ ಕಿತ್ಕೊಂಡು ಹೋಗಿ ಸಮುದ್ರಕ್ಕೆ ಬೀಳುತ್ತೆ. ಹೆಸರುಗಳು ಓಡೋದು ಮುಗಿಯೋಷ್ಟರಲ್ಲಿ ಎಲ್ಲ ಆಗಿಹೋಗಿದೆ. ನ್ಯೂಟ್ ನಿದ್ದೆಯ ಪೆಟ್ಟಿಗೆಯಲ್ಲೇ ಮುಳುಗಿ ಸತ್ತಿದಾಳೆ. ಹಿಕ್ಸ್ ಸಾವನ್ನ ಕಂಪ್ಯೂಟರ್ ಪರದೆ ಮೇಲಿನ ಒಂದು ಫೋಟೋ ಮತ್ತು ಅಕ್ಷರಗಳಲ್ಲಿ ತಿಳಿಸ್ತಾರೆ. ಹಿಂದಿನ ಸಿನಿಮಾ ಎರಡು ಗಂಟೆಗೂ ಮೀರಿ ಕಾಪಾಡಿದ ಜೀವಗಳು ಇಲ್ಲಿ ಒಂದು ಮಾತೂ ಆಡ್ದೆ, ಕಣ್ಣೂ ಬಿಡ್ದೆ ಹೋಗ್ಬಿಟ್ವು. ಪಾಪ್‌ಕಾರ್ನ್ ಹಿಡ್ಕೊಂಡು ಸೀಟಲ್ಲಿ ಸರಿಯಾಗಿ ಕೂತಿರ್ದ ಮನುಷ್ಯನಿಗೆ ಇದು ಹೊಟ್ಟೆಗೆ ಗುದ್ದಿದ ಹಾಗೆ. ಕ್ಯಾಮರೂನ್ ಕೂಡ ಮುಂದೆ ಈ ನಿರ್ಧಾರವನ್ನ ಬಹಿರಂಗವಾಗೇ ಟೀಕಿಸಿದ್ರು, ಫಿಂಚರ್ ಪ್ರತಿಭೆ ಬಗ್ಗೆ ಮಾತ್ರ ಒಳ್ಳೇ ಮಾತೇ ಆಡಿದಾರೆ.

ಇದು ಒಂದನೇ ಸಿಟ್ಟು. ಎರಡನೇದು ಸಿನಿಮಾದ ಸ್ವಭಾವದ ಬಗ್ಗೆ. ಏಲಿಯನ್ಸ್ ನೋಡಿ ಗನ್ನು, ಸೈನಿಕರು, ಓಟ ಅಂತ ಬಂದೋರಿಗೆ ಇಲ್ಲಿ ಜೈಲಲ್ಲಿ ಒಂದೂ ಗನ್ ಇಲ್ಲ. ಹೇನಿನ ಕಾಟಕ್ಕೆ ಎಲ್ಲರ ತಲೆ ಬೋಳು, ವೀವರ್ ಕೂಡ ನಿಜವಾಗ್ಲೂ ತಲೆ ಬೋಳಿಸ್ಕೊಂಡಿದ್ರು, ಎಲ್ಲರೂ ಒಂದೇ ಬಣ್ಣದ ಬಟ್ಟೆ ಹಾಕಿರೋದ್ರಿಂದ ಕೊನೇ ಭಾಗದ ಓಡಾಟದಲ್ಲಿ ಯಾರು ಸತ್ರು ಯಾರು ಉಳಿದ್ರು ಅಂತ ಗುರುತೇ ಸಿಗಲ್ಲ. ಜೀವಿ ಓಡೋ ಶಾಟ್‌ಗಳಲ್ಲಿ ಬೊಂಬೆಯನ್ನ ಬೇರೆ ಶೂಟ್ ಮಾಡಿ ಅಂಟಿಸಿರೋದ್ರಿಂದ ಅಂಚು ಎದ್ದು ಕಾಣುತ್ತೆ ಅನ್ನೋ ದೂರು ಇವತ್ತಿಗೂ ಇದೆ, ಆದ್ರೆ ಅದೇ ಸಿನಿಮಾಗೆ ವಿಷುವಲ್ ಎಫೆಕ್ಟ್ಸ್ ಆಸ್ಕರ್ ನಾಮಿನೇಷನ್ ಸಿಕ್ಕಿತ್ತು ಅನ್ನೋದೂ ಬರ್ಕೊಳ್ಳಿ. ಕೊನೇಲಿ ರಿಪ್ಲಿ ತನ್ನ ಒಡಲಲ್ಲಿ ಬೆಳೀತಿರೋ ಜೀವಿಯ ಜೊತೆಗೇ ಕುಲುಮೆಗೆ ಬಿದ್ದು ಸಾಯ್ತಾಳೆ. ಹತ್ತು ತಿಂಗಳ ಹಿಂದಷ್ಟೇ ಟರ್ಮಿನೇಟರ್ 2 ಕೂಡ ಕರಗಿದ ಉಕ್ಕಿನಲ್ಲೇ ಮುಗಿದಿತ್ತು, ಹಾಗಾಗಿ ಬಹಳ ಜನಕ್ಕೆ ಇದು ನೋಡಿದ್ದನ್ನೇ ಮತ್ತೆ ನೋಡಿದ ಹಾಗಾಯ್ತು.

ದುಡ್ಡಿನ ಲೆಕ್ಕ ಹೇಳುವಾಗ ತೋಪಾಯ್ತು, ಮಕಾಡೆ ಮಲಗ್ತು ಅಂತೆಲ್ಲ ಬರೀಬೇಡಿ, ಅದು ತಪ್ಪು. ಅಮೆರಿಕದಲ್ಲಿ ಸುಮಾರು 5.5 ಕೋಟಿ ಡಾಲರ್, ಅಂದ್ರೆ ಟಿಕೆಟ್ ರೇಟ್ ಕಮ್ಮಿ ಇದ್ದ 1986ರಲ್ಲಿ ಏಲಿಯನ್ಸ್ ಮಾಡಿದ್ದಕ್ಕಿಂತ 3 ಕೋಟಿ ಕಮ್ಮಿ. ಆದ್ರೆ ಪ್ರಪಂಚದಾದ್ಯಂತ ಸೇರಿ ಸುಮಾರು 16 ಕೋಟಿ ಡಾಲರ್ ಬಂತು. ಮೂರನೇ ಎರಡು ಪಾಲು ಹೊರದೇಶದ್ದು. "ಪ್ರೇಕ್ಷಕರು ತಿರಸ್ಕರಿಸಿದ್ರು" ಅಂತ ಒಂದೇ ಸಾಲಲ್ಲಿ ಬರೆದ್ರೆ ಈ ಅಂಕಿ ನಿಮ್ಮನ್ನ ಹಿಡ್ಕೊಂಡು ಪ್ರಶ್ನೆ ಕೇಳುತ್ತೆ.

ಈಗ ಸಿದ್ಧಾಂತ. ಜರ್ಮನಿಯ ಸಾಹಿತ್ಯ ಚಿಂತಕ ಹನ್ಸ್ ರಾಬರ್ಟ್ ಯೌಸ್ 1967ರಲ್ಲಿ ಕಾನ್‌ಸ್ಟಾನ್ಸ್‌ನಲ್ಲಿ ಮಾಡಿದ ಉಪನ್ಯಾಸದಲ್ಲಿ ನಿರೀಕ್ಷೆಯ ದಿಗಂತ ಅನ್ನೋ ಕಲ್ಪನೆ ಮುಂದಿಟ್ರು. ಓದುಗ ಖಾಲಿ ತಲೆಯಲ್ಲಿ ಬರಲ್ಲ, ಹಿಂದೆ ಓದಿದ್ದು, ಆ ಪ್ರಕಾರದ ಬಗ್ಗೆ ಗೊತ್ತಿರೋದು, ಇದೆಲ್ಲ ಸೇರಿ ಅವನಿಗೆ ಒಂದು ದಿಗಂತ ಇರುತ್ತೆ, ಹೊಸ ಕೃತಿ ಅದರಿಂದ ಎಷ್ಟು ದೂರ ನಿಲ್ಲುತ್ತೆ ಅನ್ನೋದ್ರ ಮೇಲೆ ಪ್ರತಿಕ್ರಿಯೆ ನಿಂತಿರುತ್ತೆ. ದೂರ ಜಾಸ್ತಿ ಇದ್ರೆ ಮೊದ್ಲು ತಿರಸ್ಕಾರ, ಆಮೇಲೆ ಜನರ ದಿಗಂತವೇ ಬದಲಾಗಿ ಒಪ್ಪಿಗೆ. ಏಲಿಯನ್ 3 ಬಗ್ಗೆ ಎರಡನೇ ಸಿಟ್ಟಿಗೆ ಇದು ಅಚ್ಚುಕಟ್ಟಾಗಿ ಹೊಂದುತ್ತೆ. ಫಿಂಚರ್ 1995ರಲ್ಲಿ ಸೆವೆನ್ ಮಾಡಿದ್ಮೇಲೆ ಆ ಕತ್ತಲೆ, ಆ ನಿರಾಸೆ, ಆ ನಿಧಾನ ಎಲ್ಲ ಅವರ ಶೈಲಿ ಅಂತ ಜನಕ್ಕೆ ಅರ್ಥ ಆಯ್ತು, 1992ರಲ್ಲಿ ಬೇಜಾರು ಅನ್ಸಿದ್ದು ಆಮೇಲೆ ಗಾಂಭೀರ್ಯ ಅನ್ಸೋಕೆ ಶುರುವಾಯ್ತು. ಫಿಂಚರ್ ಮಾತ್ರ ಇವತ್ತಿಗೂ ಈ ಸಿನಿಮಾನ ತನ್ನದು ಅಂತ ಒಪ್ಕೊಳ್ಳಲ್ಲ.

ನ್ಯೂಟ್ ಸಾವಿನ ಸಿಟ್ಟಿಗೆ ಯೌಸ್ ಸಾಲಲ್ಲ ಅನ್ನೋದು ನನ್ನ ಅಭಿಪ್ರಾಯ. ಬರೀ ದೂರದ ವಿಷಯ ಆಗಿದ್ರೆ ಮೂವತ್ತು ವರ್ಷದಲ್ಲಿ ಅದೂ ತಣ್ಣಗಾಗ್ಬೇಕಿತ್ತು. ಇಲ್ಲಿ ನಮ್ಮ ಕಾವ್ಯಮೀಮಾಂಸೆ ಪಾಠ ಕೈ ಹಿಡಿಯುತ್ತೆ. ಒಂಬತ್ತನೇ ಶತಮಾನದ ಆನಂದವರ್ಧನ ಹೇಳಿದ್ದು ನಿಮಗೆ ನೆನಪಿರುತ್ತೆ, "ಅನೌಚಿತ್ಯಾದೃತೇ ನಾನ್ಯದ್ರಸಭಂಗಸ್ಯ ಕಾರಣಮ್", ಅನೌಚಿತ್ಯ, ಅಂದ್ರೆ ಆ ಜಾಗಕ್ಕೆ ಹೊಂದದೇ ಇರೋದು, ಅದು ಬಿಟ್ರೆ ರಸಭಂಗಕ್ಕೆ, ಅಂದ್ರೆ ಕೃತಿಯ ಅನುಭವ ಕೆಡೋಕೆ, ಬೇರೆ ಕಾರಣವೇ ಇಲ್ಲ.

ಹಾಗಂತ ಮಗು ಸಾಯೋದೇ ಅನೌಚಿತ್ಯ ಅಂತ ಬರೀಬೇಡಿ, ಎಷ್ಟೋ ಜನ ಎಡವೋದು ಇಲ್ಲೇ. ಅಭಿಮನ್ಯು ಸಾವು ತಗೊಳ್ಳಿ. ಹದಿಹರೆಯದ ಹುಡುಗ, ದೊಡ್ಡ ದೊಡ್ಡೋರೆಲ್ಲ ಸೇರಿ ಕೊಂದ್ರು, ಕೇಳಿದೋರ ಕರುಳು ಕಿತ್ತು ಬರುತ್ತೆ, ಆದ್ರೂ ಯಾರೂ ಕವಿ ಮೇಲೆ ಸಿಟ್ಟಾಗಲ್ಲ. ಯಾಕಂದ್ರೆ ಅವನು ಚಕ್ರವ್ಯೂಹದ ಒಳಗೆ ಹೋಗೋದನ್ನ ನಾವು ನೋಡಿದೀವಿ, ಕಾದಾಡೋದನ್ನ ನೋಡಿದೀವಿ, ರನ್ನನ ಗದಾಯುದ್ಧದಲ್ಲಂತೂ ಶತ್ರು ದುರ್ಯೋಧನನೇ ಅವನ ಹೆಣದ ಮುಂದೆ ನಿಂತು ಇಂಥ ಸಾವು ನನಗೂ ಸಿಗ್ಲಿ ಅಂತ ಬಯಸ್ತಾನೆ. ಅಲ್ಲಿ ಶೋಕ ಕರುಣರಸ ಆಗೋಕೆ ಬೇಕಾದಷ್ಟು ಜಾಗ ಇದೆ. ನ್ಯೂಟ್‌ಗೆ ಆ ಜಾಗ ಕೊಟ್ಟಿಲ್ಲ. ಅವಳ ಸಾವು ಹೊಸ ಕಥೆ ಶುರು ಮಾಡೋಕೆ ಅಡ್ಡ ಇದ್ದದ್ದನ್ನ ಪಕ್ಕಕ್ಕೆ ಸರಿಸಿದ ಹಾಗೆ ಬರುತ್ತೆ, ಅದಕ್ಕಿಂತ ಹೆಚ್ಚಾಗಿ ಹಿಂದಿನ ಸಿನಿಮಾದಲ್ಲಿ ರಿಪ್ಲಿ ಮತ್ತೆ ಕೆಳಗಿಳಿದು ಹೋದ ಸಾಹಸವನ್ನೇ ವ್ಯರ್ಥ ಮಾಡ್ಬಿಡುತ್ತೆ. ಹಳೇ ಸಿನಿಮಾ ಮತ್ತೆ ನೋಡೋಕೆ ಕೂತ್ರೂ ಆ ತಬ್ಬುಗೆ ಮೇಲೆ ಇದರ ನೆರಳು ಬೀಳುತ್ತೆ. ಈ ಸಿಟ್ಟು ಎರಡು ಸಿನಿಮಾಗೂ ಸೇರಿದ್ದು, ಅದಕ್ಕೇ ಇಷ್ಟು ಆಳ.

ನಿರ್ದೇಶಕರಿಗೆ ಇದು ಗೊತ್ತಿರ್ಲಿಲ್ವಾ? ಗೊತ್ತಿತ್ತು ಅನ್ಸುತ್ತೆ. ಶವಪರೀಕ್ಷೆ ದೃಶ್ಯ ನೋಡಿ. ಜೀವಿ ನ್ಯೂಟ್ ದೇಹದೊಳಗೆ ಇದೆಯೋ ಅಂತ ರಿಪ್ಲಿಗೆ ಅನುಮಾನ, ನಿಜ ಹೇಳೋ ಹಾಗಿಲ್ಲ, ಕಾಲರಾ ಇರ್ಬಹುದು ಅಂತ ನೆಪ ಹೇಳಿ ಡಾಕ್ಟರ್ ಕ್ಲೆಮೆನ್ಸ್‌ನ ಒಪ್ಪಿಸ್ತಾಳೆ. ಕತ್ತರಿಸೋ ಸದ್ದು ಕೇಳ್ತಿರುತ್ತೆ, ಕ್ಯಾಮೆರಾ ವೀವರ್ ಮುಖಕ್ಕೆ ಬರುತ್ತೆ, ತಾನೇ ಕೇಳಿ ಮಾಡಿಸ್ತಿರೋ ಕೆಲಸವನ್ನ ನೋಡೋಕಾಗ್ದೆ ನಿಂತಿದಾಳೆ. ತಾಯಿ ಪಾಡು ಇಷ್ಟು ಚೆನ್ನಾಗಿ ತೋರಿಸಿದ ದೃಶ್ಯ ಈ ಸರಣಿಯಲ್ಲೇ ಕಮ್ಮಿ. ಆಮೇಲೆ ಕುಲುಮೆಯಲ್ಲಿ ಅಂತ್ಯಕ್ರಿಯೆ, ಕೈದಿಗಳ ಮುಖಂಡ ಡಿಲನ್ ಆಡೋ ಪ್ರಾರ್ಥನೆ ಥರದ ಮಾತು, ಅದೇ ಹೊತ್ತಿಗೆ ಇನ್ನೊಂದು ಕಡೆ ನಾಯಿಯ ಒಡಲಿಂದ ಜೀವಿ ಹುಟ್ಟೋದು. ಆದ್ರೆ ಇದೆಲ್ಲ ಬರುವಾಗ ಪ್ರೇಕ್ಷಕ ಆಗ್ಲೇ ಮನಸು ಮುಚ್ಕೊಂಡಿರ್ತಾನೆ. ರಿಪ್ಲಿಗೆ ಅಳೋಕೆ ಹೊತ್ತು ಸಿಕ್ತು, ನಮಗೆ ಸಿಗ್ಲಿಲ್ಲ.

ಬ್ರಿಟನ್ನಿನ ಮಾಧ್ಯಮ ಚಿಂತಕ ಸ್ಟುವರ್ಟ್ ಹಾಲ್ 1973ರಲ್ಲಿ ಹೇಳಿದ ಮೂರು ಥರದ ಓದು, ಒಪ್ಪಿಗೆ, ಚೌಕಾಸಿ, ವಿರೋಧ, ಇದನ್ನೂ ಪರೀಕ್ಷೆಲಿ ಕೇಳ್ಬಹುದು. ಇಲ್ಲಿ ವಿರೋಧ ಬರೀ ಬೈಗುಳದಲ್ಲಿ ನಿಲ್ಲಲಿಲ್ಲ, ಕಥೆಯನ್ನೇ ಬದಲಾಯಿಸೋ ಹಂತಕ್ಕೆ ಹೋಯ್ತು ಅನ್ನೋದು ಮುಖ್ಯ. ಡಾರ್ಕ್ ಹಾರ್ಸ್‌ನೋರು ಹಳೇ ಕಾಮಿಕ್ಸ್ ಮತ್ತೆ ಅಚ್ಚು ಹಾಕುವಾಗ ನ್ಯೂಟ್ ಹೆಸರನ್ನ ಬಿಲ್ಲಿ ಅಂತ, ಹಿಕ್ಸ್ ಹೆಸರನ್ನ ವಿಲ್ಕ್ಸ್ ಅಂತ ಮಾಡ್ಬೇಕಾಯ್ತು, ಹೆಸರು ಹೋದ್ರೂ ಜೀವ ಉಳೀತು. 2013ರ ಒಂದು ವಿಡಿಯೋ ಗೇಮ್‌ನಲ್ಲಿ ಹಿಕ್ಸ್ ಬದುಕಿ ಬಂದ. 2015ರಲ್ಲಿ ನಿರ್ದೇಶಕ ನೀಲ್ ಬ್ಲೋಮ್‌ಕ್ಯಾಂಪ್ ರಿಪ್ಲಿ, ಹಿಕ್ಸ್ ಇಬ್ಬರನ್ನೂ ಇಟ್ಕೊಂಡು ಹೊಸ ಸಿನಿಮಾ ಮಾಡೋಕೆ ಹೊರಟ್ರು, ಚಿತ್ರಗಳೂ ಹೊರಬಂದ್ವು, ಆಮೇಲೆ ಅದು ನಿಂತುಹೋಯ್ತು. ಗಿಬ್ಸನ್‌ರ ಹಳೇ ಸ್ಕ್ರಿಪ್ಟ್ 2019ರಲ್ಲಿ ಆಡಿಯೋ ನಾಟಕ ಆಯ್ತು, ಹಿಕ್ಸ್ ಪಾತ್ರಕ್ಕೆ ಮೂಲ ನಟ ಮೈಕೆಲ್ ಬೀನ್ ಅವರದೇ ದನಿ.

ಕೊನೇದಾಗಿ, ನನ್ನ ವಾದಕ್ಕೆ ಗಟ್ಟಿ ಸಾಕ್ಷಿ 2003ರಲ್ಲಿ ಡಿವಿಡಿಯಲ್ಲಿ ಬಂದ ಅಸೆಂಬ್ಲಿ ಕಟ್, ಅಂದ್ರೆ ಕತ್ತರಿಸಿ ತೆಗೆದಿದ್ದ ದೃಶ್ಯಗಳನ್ನ ಮತ್ತೆ ಸೇರಿಸಿದ ಉದ್ದನೇ ರೂಪ. ಫಿಂಚರ್ ಇದರಲ್ಲಿ ಕೈ ಹಾಕಲಿಲ್ಲ. ಸುಮಾರು ಅರ್ಧ ಗಂಟೆ ಜಾಸ್ತಿ ಇದೆ, ನಾಯಿ ಬದಲು ಎತ್ತಿನಿಂದ ಜೀವಿ ಹುಟ್ಟುತ್ತೆ, ಗೋಲಿಕ್ ಅನ್ನೋ ಕೈದಿಯ ಕಥೆ ಪೂರ್ತಿ ಸಿಗುತ್ತೆ, ಕೈದಿಗಳ ಮುಖ ಗುರುತಾಗುತ್ತೆ, ಕೊನೇಲಿ ರಿಪ್ಲಿ ಬೀಳುವಾಗ ಎದೆ ಸೀಳ್ಕೊಂಡು ಜೀವಿ ಹೊರಗೆ ಬರೋದನ್ನ ತೆಗೆದಿದಾರೆ. 1992ರಲ್ಲಿ ಬೈದಿದ್ದ ಎಷ್ಟೋ ಜನ ಇದನ್ನ ನೋಡಿ ಒಳ್ಳೇ ಸಿನಿಮಾ ಅಂತ ಒಪ್ಕೊಂಡ್ರು, ಎರಡನೇ ಸಿಟ್ಟು ಇಲ್ಲಿಗೆ ಬಹುಮಟ್ಟಿಗೆ ಮುಗೀತು. ಆದ್ರೆ ಇದರಲ್ಲೂ ಟೈಟಲ್ ಕಾರ್ಡ್‌ಗಳ ಮಧ್ಯೆ ಅದೇ ಗಾಜು ಬಿರುಕು ಬಿಡುತ್ತೆ, ನ್ಯೂಟ್ ಅದೇ ನಿಮಿಷಗಳಲ್ಲೇ ಸಾಯ್ತಾಳೆ, ಸಿನಿಮಾನ ಬಾಯ್ತುಂಬ ಹೊಗಳೋರೂ ಆ ಜಾಗಕ್ಕೆ ಬಂದಾಗ ಮಾತು ನಿಲ್ಲಿಸ್ತಾರೆ.