ಹಡಗು ಹನ್ನೆರಡು ಗಂಟೆ ನಿಲ್ಲುತ್ತದೆ, ನಾವೇ ಇಳಿದು ರೋಮ್ ನೋಡಿ ಬರಬಹುದಾ?

ಪ್ರಶ್ನೆ: ಮಗ ಮ್ಯೂನಿಕ್‌ನಲ್ಲಿ ಕೆಲಸದಲ್ಲಿದ್ದಾನೆ. ಸೆಪ್ಟೆಂಬರ್‌ನಲ್ಲಿ ನಮ್ಮನ್ನು ಮೆಡಿಟರೇನಿಯನ್ ಕ್ರೂಸ್‌ಗೆ ಕರೆದುಕೊಂಡು ಹೋಗುತ್ತಾನಂತೆ. ಬಾರ್ಸಿಲೋನಾದಲ್ಲಿ ಹತ್ತಿ ಮಾರ್ಸೇ, ಜಿನೋವಾ, ರೋಮ್, ನೇಪಲ್ಸ್, ಪಾಲ್ಮಾ ನೋಡಿ ಮತ್ತೆ ಬಾರ್ಸಿಲೋನಾ. ಮೊಮ್ಮಗಳೂ ಸೇರಿ ಐದು ಜನ. ನಮ್ಮ ಯಜಮಾನರಿಗೆ 68, ಮಂಡಿ ನೋವಿದೆ. ಪ್ರತಿ ಊರಲ್ಲೂ ಹಡಗಿನವರ ಟೂರ್ ತಗೊಂಡರೆ ಖರ್ಚು ಜಾಸ್ತಿ, ನಾವೇ ಇಳಿದು ಹೋಗೋಣ ಅನ್ನುತ್ತಾನೆ ಮಗ. ಹಡಗು ನಮ್ಮನ್ನು ಬಿಟ್ಟು ಹೊರಟುಬಿಟ್ಟರೆ ಅನ್ನುವ ಭಯ ನನಗೆ. ಏನು ಮಾಡಲಿ?

ಉತ್ತರ: ನಿಮ್ಮ ಭಯ ಸುಳ್ಳಲ್ಲ. ಹಡಗು ನಿಜಕ್ಕೂ ಬಿಟ್ಟು ಹೋಗುತ್ತದೆ. ಮುಂದಿನ ಬಂದರಿನಲ್ಲಿ ಅದಕ್ಕೆ ಗೊತ್ತುಮಾಡಿದ ಹೊತ್ತಿರುತ್ತದೆ, ಒಳಗೆ ಸಾವಿರಾರು ಜನ ಕಾಯುತ್ತಿರುತ್ತಾರೆ. ಐದು ಜನಕ್ಕಾಗಿ ನಿಲ್ಲುವುದಿಲ್ಲ. ಆದರೆ ಈ ಭಯವನ್ನು ಐದು ಬಂದರಿಗೂ ಒಂದೇ ಸಮ ಹಂಚಬೇಡಿ. ಕೆಲವು ಕಡೆ ಅದು ಬೇಕೇ ಇಲ್ಲ. ಒಂದು ಕಡೆ ಮಾತ್ರ ಚೆನ್ನಾಗಿ ಭಯಪಡಬೇಕು.

ಮಂಗಳೂರಿನ ಕಡೆಯವರಿಗೆ ಇದನ್ನು ಹೇಳುವುದು ಸುಲಭ. ಚಳಿಗಾಲದಲ್ಲಿ ಪಣಂಬೂರಿನ ನವ ಮಂಗಳೂರು ಬಂದರಿಗೂ ವಿದೇಶಿ ಕ್ರೂಸ್ ಹಡಗುಗಳು ಬರುತ್ತವೆ. ಬೆಳಿಗ್ಗೆ ಇಳಿದವರು ಬಸ್ ಹತ್ತಿ ಕದ್ರಿ, ಕುದ್ರೋಳಿ, ಮೂಡುಬಿದಿರೆಯ ಸಾವಿರ ಕಂಬದ ಬಸದಿ ನೋಡಿಕೊಂಡು ಸಂಜೆಗೆ ಹಡಗು ಸೇರುತ್ತಾರೆ. ಅವರಲ್ಲೊಬ್ಬರು ಕದ್ರಿಗೆ ಆಟೋ ಮಾಡಿಕೊಂಡು ಹೊರಟರೆ ನಾವು ಹೋಗಿ ಬನ್ನಿ ಅನ್ನುತ್ತೇವೆ. ಅದೇ ಮನುಷ್ಯ ಹಳೇಬೀಡು ನೋಡಿ ಸಂಜೆಯೊಳಗೆ ಬರುತ್ತೇನೆ ಅಂದರೆ? ಶಿರಾಡಿ ಘಾಟಿಯಲ್ಲಿ ಲಾರಿ ಅಡ್ಡ ನಿಂತರೆ ಏನು ಗತಿ ಮಾರಾಯ್ರೇ ಅಂತ ನಾವೇ ತಡೆಯುತ್ತೇವೆ. ಮೆಡಿಟರೇನಿಯನ್‌ನಲ್ಲೂ ಲೆಕ್ಕ ಇಷ್ಟೇ. ಹಡಗಿನಿಂದ ನೋಡುವ ಜಾಗಕ್ಕೆ ಎಷ್ಟು ದೂರ, ವಾಪಸ್ ಬರಲು ಎಷ್ಟು ದಾರಿಗಳಿವೆ. ಈ ಎರಡನ್ನು ಪ್ರತಿ ಬಂದರಿಗೂ ಬೇರೆ ಬೇರೆಯಾಗಿ ಕೇಳಿಕೊಳ್ಳಬೇಕು.

ಕ್ರೂಸ್ ಪಟ್ಟಿಯಲ್ಲಿ ಬರೆದ ಊರಿನ ಹೆಸರನ್ನು ಹಾಗೇ ನಂಬಬೇಡಿ. ರೋಮ್‌ಗೆ ಸಮುದ್ರವಿಲ್ಲ. ನಿಮ್ಮ ಹಡಗು ನಿಲ್ಲುವುದು ಚಿವಿತಾವೆಕ್ಕಿಯಾ ಅನ್ನುವ ಬಂದರಿನಲ್ಲಿ. ಅಲ್ಲಿಂದ ರೋಮ್ 70-80 ಕಿ.ಮೀ. ಹಾಗೆಯೇ ಪಟ್ಟಿಯಲ್ಲಿ ಫ್ಲಾರೆನ್ಸ್ ಅಂತಿದ್ದರೆ ಹಡಗು ನಿಲ್ಲುವುದು ಸಾಮಾನ್ಯವಾಗಿ ಲಿವೋರ್ನೋದಲ್ಲಿ, ಅಲ್ಲಿಂದಲೂ ದೂರ ಹೆಚ್ಚುಕಮ್ಮಿ ಅಷ್ಟೇ. ಅಥೆನ್ಸ್ ಅಂದರೆ ಪಿರೇಯಸ್. ಆದರೆ ಪಿರೇಯಸ್‌ನಿಂದ ಅಥೆನ್ಸ್ ಪೇಟೆಯ ಮಧ್ಯಕ್ಕೆ ಮೆಟ್ರೋ ಇದೆ, ಅರ್ಧ ಗಂಟೆಯೊಳಗೆ ಮುಟ್ಟಬಹುದು. ಅಲ್ಲಿ ಗಾಬರಿ ಬೇಡ.

ಈಗ ರೋಮ್ ದಿನದ ಲೆಕ್ಕ ಹಾಕೋಣ. ಹಡಗು ಬೆಳಿಗ್ಗೆ 7ಕ್ಕೆ ಬಂದು ಸಂಜೆ 7ಕ್ಕೆ ಹೊರಡುತ್ತದೆ ಅಂದುಕೊಳ್ಳಿ. ಹನ್ನೆರಡು ಗಂಟೆ ಕೈಯಲ್ಲಿದೆ ಅನ್ನಿಸುತ್ತದೆ ಅಲ್ವಾ? ಹಾಗಲ್ಲ. ಹಡಗು ಕಟ್ಟಿ, ಇಳಿಯಲು ಬಿಡುವಷ್ಟರಲ್ಲಿ ಏಳೂವರೆ. ಬಂದರು ದೊಡ್ಡದು. ಒಳಗಿನ ಬಸ್ಸು ನಿಮ್ಮನ್ನು ಲಾರ್ಗೋ ದೆಲ್ಲಾ ಪಾಚೆ ಅನ್ನುವ ನಿಲ್ದಾಣಕ್ಕೆ ಬಿಡುತ್ತದೆ. ಅಲ್ಲಿಂದ ರೈಲ್ವೆ ಸ್ಟೇಷನ್‌ಗೆ ಇನ್ನೊಂದು ಬಸ್ಸು ಅಥವಾ ಇಪ್ಪತ್ತು ನಿಮಿಷದ ನಡಿಗೆ. ರೈಲು ಹತ್ತುವಾಗ ಎಂಟೂವರೆ. ವ್ಯಾಟಿಕನ್ ಹತ್ತಿರದ ರೋಮಾ ಸಾನ್ ಪಿಯೆತ್ರೋ ಸ್ಟೇಷನ್‌ನಲ್ಲಿ ಇಳಿಯುವಾಗ ಒಂಬತ್ತೂವರೆ. ಸಂಜೆ ಎಲ್ಲರೂ ಹಡಗಿನೊಳಗೆ ಇರಬೇಕಾದ ಹೊತ್ತು ಹೊರಡುವುದಕ್ಕಿಂತ ಅರ್ಧ ಗಂಟೆ, ಒಂದು ಗಂಟೆ ಮೊದಲೇ ಇರುತ್ತದೆ. ಅದನ್ನೇ ಆಲ್ ಅಬೋರ್ಡ್ ಅನ್ನುತ್ತಾರೆ. ಅದು 6ಕ್ಕೆ ಅಂದರೆ ನೀವು 5ಕ್ಕೆ ಬಂದರಿನಲ್ಲಿರಬೇಕು. ಹಾಗಾದರೆ ರೋಮ್‌ನಿಂದ ಮೂರು, ಮೂರೂಕಾಲಿಗೆ ರೈಲು ಹತ್ತಬೇಕು. ಅಲ್ಲಿಗೆ ಹನ್ನೆರಡು ಗಂಟೆ ಐದೂವರೆಗೆ ಇಳಿಯಿತು. ಅದರಲ್ಲಿ ಊಟ, ಸಾಲು, ಟಾಯ್ಲೆಟ್ ಹುಡುಕುವುದು ಎಲ್ಲ ಸೇರಿದೆ.

ಐದೂವರೆ ಗಂಟೆಯಲ್ಲಿ ಸಂತ ಪೀಟರ್ ಬೆಸಿಲಿಕಾ ಮತ್ತು ಇನ್ನೊಂದು ಜಾಗ ಸಮಾಧಾನವಾಗಿ ನೋಡಬಹುದು. ಕೊಲೋಸಿಯಮ್, ವ್ಯಾಟಿಕನ್ ಮ್ಯೂಸಿಯಮ್, ಟ್ರೆವಿ ಕಾರಂಜಿ ಎಲ್ಲ ಒಂದೇ ದಿನ ಅಂದರೆ ಮಂಡಿ ನೋವಿರುವವರಿಗೆ ಅದು ಶಿಕ್ಷೆ. ವಾರವನ್ನೂ ನೋಡಿಕೊಳ್ಳಿ. ತಿಂಗಳ ಕೊನೆಯ ಭಾನುವಾರ ಬಿಟ್ಟರೆ ಮಿಕ್ಕ ಭಾನುವಾರಗಳಲ್ಲಿ ವ್ಯಾಟಿಕನ್ ಮ್ಯೂಸಿಯಮ್ ಮುಚ್ಚಿರುತ್ತದೆ. ಪೋಪ್ ಊರಲ್ಲಿದ್ದರೆ ಬುಧವಾರ ಬೆಳಿಗ್ಗೆ ಅವರ ದರ್ಶನದ ಸಭೆ ಇರುತ್ತದೆ, ಆಗ ಚೌಕದಲ್ಲಿ ಜನವೋ ಜನ. ಬೆಸಿಲಿಕಾಕ್ಕೆ ಭುಜ, ಮಂಡಿ ಮುಚ್ಚುವ ಬಟ್ಟೆ ಬೇಕು. ಸೀರೆ, ಚೂಡಿದಾರದಲ್ಲಿ ಹೋಗುವ ನಮಗೆ ಅದು ಕಷ್ಟವೇ ಅಲ್ಲ. ಚಡ್ಡಿ ಹಾಕಿಕೊಂಡು ಹೊರಡುವ ಮಕ್ಕಳಿಗೆ ಹೇಳಿ.

ನಿಮ್ಮ ಮನೆಯವರಿಗೆ ನಾನು ರೋಮ್ ಒಂದಕ್ಕೆ ಹಡಗಿನವರ ಬಸ್ಸೇ ಸರಿ ಅನ್ನುತ್ತೇನೆ. ಇಡೀ ಟೂರ್ ತಗೊಳ್ಳಬೇಕಿಲ್ಲ. ಹಡಗಿನವರಲ್ಲಿ ಗೈಡ್ ಇಲ್ಲದ, ಬರೀ ಬಸ್ ಪ್ರಯಾಣದ ಟಿಕೆಟ್ ಸಾಮಾನ್ಯವಾಗಿ ಇರುತ್ತದೆ. ಬೆಳಿಗ್ಗೆ ಊರೊಳಗೆ ಬಿಡುತ್ತಾರೆ, ಹೇಳಿದ ಹೊತ್ತಿಗೆ ಅಲ್ಲಿಂದಲೇ ಕರೆತರುತ್ತಾರೆ. ಬೆಲೆ ಪೂರ್ತಿ ಟೂರ್‌ಗಿಂತ ಕಡಿಮೆ. ದೊಡ್ಡ ಅನುಕೂಲ ಬೇರೆಯೇ ಇದೆ. ಹಡಗಿನವರದೇ ಬಸ್ಸು ತಡವಾದರೆ ಹಡಗು ಕಾಯುತ್ತದೆ, ಇಲ್ಲವೇ ನಿಮ್ಮನ್ನು ಮುಂದಿನ ಬಂದರಿಗೆ ಮುಟ್ಟಿಸುವ ಹೊಣೆ ಅವರದು. ಆ ಟಿಕೆಟ್‌ನಲ್ಲಿ ನೀವು ಕೊಳ್ಳುವುದು ಈ ನೆಮ್ಮದಿಯನ್ನು. ಆದರೆ ಬಸ್ಸಿನ ಹೊತ್ತಿಗೆ ನೀವೇ ಬರದಿದ್ದರೆ ಅದೂ ಕಾಯುವುದಿಲ್ಲ.

ರೈಲಿನಲ್ಲೇ ಹೋಗುತ್ತೇವೆ ಅಂತ ಮಗ ಹಟ ಹಿಡಿದರೆ ತಪ್ಪೇನಿಲ್ಲ, ಹಾಗೆ ಹೋಗಿ ಬರುವವರು ಬಹಳ ಜನ. ಸ್ಟೇಷನ್‌ನಲ್ಲಿ ಕೊಂಡ ಕಾಗದದ ಟಿಕೆಟ್ ಆದರೆ ರೈಲು ಹತ್ತುವ ಮೊದಲು ಯಂತ್ರದಲ್ಲಿ ಮುದ್ರೆ ಹಾಕಿಸಬೇಕು, ಇಲ್ಲದಿದ್ದರೆ ದಂಡ. ಬರುವಾಗ ಹೊತ್ತಿಗೆ ಸರಿಹೋಗುವ ಕೊನೆಯ ರೈಲನ್ನು ನಂಬಬೇಡಿ. ನೀವು ಹತ್ತುವ ರೈಲಿನ ನಂತರ ಇನ್ನೂ ಎರಡು ರೈಲು ಇರುವಾಗಲೇ ಹೊರಡಿ. ಇಟಲಿಗೆ ಹೋಗುವವರು ಶೋಪೆರೊ ಅನ್ನುವ ಪದವನ್ನು ಕಲಿತಿರಬೇಕು. ಮುಷ್ಕರ ಅಂತ ಅರ್ಥ. ಅಲ್ಲಿ ರೈಲು, ಬಸ್ಸುಗಳ ಮುಷ್ಕರವನ್ನು ಮೊದಲೇ ಸಾರಿರುತ್ತಾರೆ. ಹೊರಡುವ ವಾರ ಒಮ್ಮೆ ಹುಡುಕಿ ನೋಡಿ.

ನೇಪಲ್ಸ್‌ನಲ್ಲಿ ಕಥೆಯೇ ಬೇರೆ. ಹಡಗು ಊರಿನ ಎದೆಯ ಮೇಲೇ ಬಂದು ನಿಲ್ಲುತ್ತದೆ. ಇಳಿದು ರಸ್ತೆ ದಾಟಿದರೆ ಕಾಸ್ತೆಲ್ ನುವೋವೋ ಕೋಟೆ, ಅದರ ಪಕ್ಕದಲ್ಲೇ ಮುನಿಚಿಪಿಯೋ ಮೆಟ್ರೋ ಸ್ಟೇಷನ್. ಇಲ್ಲಿ ಟೂರ್ ಇಲ್ಲದೆ ಧೈರ್ಯವಾಗಿ ಇಳಿಯಿರಿ. ಪುರಾತನ ಪೊಂಪೇಯಿ ಊರಿಗೆ ಹೋಗಬೇಕಾದರೆ ಮೆಟ್ರೋದಲ್ಲಿ ಗರಿಬಾಲ್ಡಿ ಸ್ಟೇಷನ್, ಅಲ್ಲಿಂದ ಸೊರೆಂಟೋ ಕಡೆ ಹೋಗುವ ಚಿರ್ಕುಮ್‌ವೆಸುವಿಯಾನಾ ರೈಲು. ನೀವು ಇಳಿಯಬೇಕಾದ ಸ್ಟೇಷನ್ ಪೊಂಪೇಯಿ ಸ್ಕಾವಿ. ಸ್ಕಾವಿ ಅಂದರೆ ಉತ್ಖನನ. ಬರೀ ಪೊಂಪೇಯಿ ಅನ್ನುವ ಸ್ಟೇಷನ್‌ಗಳು ಬೇರೆ ಇವೆ, ಅಲ್ಲಿ ಇಳಿದುಬಿಡಬೇಡಿ. ಸ್ಕಾವಿಯಲ್ಲಿ ಇಳಿದರೆ ಬಾಗಿಲು ಎದುರಿಗೇ. ರೈಲಿನಲ್ಲಿ ಮುಕ್ಕಾಲು ಗಂಟೆಗಿಂತ ಕಡಿಮೆ. ಜನ ತುಂಬಿರುತ್ತಾರೆ, ಪರ್ಸ್ ಜೋಪಾನ.

ಕ್ರಿ.ಶ. 79ರಲ್ಲಿ ವೆಸುವಿಯಸ್ ಜ್ವಾಲಾಮುಖಿ ಸಿಡಿದು ಬೂದಿಯಲ್ಲಿ ಮುಚ್ಚಿಹೋದ ಊರು ಅದು. ರಸ್ತೆಯ ಕಲ್ಲಿನಲ್ಲಿ ಗಾಡಿ ಚಕ್ರ ಉಜ್ಜಿದ ಗುರುತು ಇವತ್ತಿಗೂ ಆಳವಾಗಿ ಕಾಣುತ್ತದೆ. ಬೀದಿ ಬದಿಯ ತಿಂಡಿ ಅಂಗಡಿಗಳ ಕಟ್ಟೆಯಲ್ಲಿ ಪಾತ್ರೆ ಕೂರಿಸುವ ಗುಂಡು ಗುಂಡು ತೂತುಗಳಿವೆ. ನಮ್ಮಮ್ಮ ಅದನ್ನು ನೋಡಿ, ಕೊನೆಗೆ ಎಲ್ಲ ಕಡೆಯೂ ಜನ ಇಳಿಸಂಜೆಗೆ ಬಿಸಿ ಬಿಸಿ ತಿಂಡಿಗೇ ಬಂದು ನಿಲ್ಲುತ್ತಾರೆ ಅಂದಿದ್ದರು. ನನಗೆ ಪೊಂಪೇಯಿ ಅಂದರೆ ಈಗಲೂ ಮೊದಲು ನೆನಪಾಗುವುದು ಆ ಕಟ್ಟೆಯೇ. 2024ರ ನವೆಂಬರ್‌ನಿಂದ ಅಲ್ಲಿ ದಿನಕ್ಕೆ 20,000 ಜನರ ಮಿತಿ ಇದೆ, ಟಿಕೆಟ್ ಮೇಲೆ ಹೆಸರಿರುತ್ತದೆ. ಆದ್ದರಿಂದ ಟಿಕೆಟ್ ಮೊದಲೇ ಮಾಡಿಸಿ, ಗುರುತಿನ ಚೀಟಿ ಒಯ್ಯಿರಿ. ಆದರೆ ಒಂದು ಮಾತು. ಅಲ್ಲಿ ನೆರಳು ಕಡಿಮೆ, ನೆಲವೆಲ್ಲ ಎತ್ತರ ತಗ್ಗಿನ ಕಲ್ಲುಹಾಸು. ಯಜಮಾನರ ಮಂಡಿಗೆ ಕಷ್ಟವಾಗಬಹುದು. ಹಾಗನ್ನಿಸಿದರೆ ಪೊಂಪೇಯಿಯ ಚಿತ್ರಗಳು, ಮೊಸಾಯಿಕ್‌ಗಳು ಇರುವ ಪುರಾತತ್ವ ಮ್ಯೂಸಿಯಮ್ ನೇಪಲ್ಸ್ ಊರಿನಲ್ಲೇ ಇದೆ, ಮೆಟ್ರೋ ಅದರ ಬಾಗಿಲಿಗೇ ಹೋಗುತ್ತದೆ. ಮಂಗಳವಾರ ರಜೆ. ಆಮೇಲೆ ಪಿಜ್ಜಾ ತಿನ್ನಿ. ಅದು ಹುಟ್ಟಿದ ಊರು. ಮರಿನಾರಾ ಅಂತ ಕೇಳಿದರೆ ಟೊಮೇಟೊ, ಬೆಳ್ಳುಳ್ಳಿ, ಎಣ್ಣೆ, ಓರೆಗಾನೊ ಅಷ್ಟೇ. ಮಾರ್ಗರೀಟಾದಲ್ಲಿ ಚೀಸ್ ಇರುತ್ತದೆ. ಸಸ್ಯಾಹಾರಿಗಳಿಗೆ ಇಷ್ಟು ನಿಶ್ಚಿಂತೆಯ ಊಟ ದಾರಿಯಲ್ಲಿ ಬೇರೆ ಕಡೆ ಸಿಗುವುದು ಕಷ್ಟ.

ಜಿನೋವಾ ಕೂಡ ನಡೆದು ನೋಡುವ ಊರು. ಹಡಗುಕಟ್ಟೆಯಿಂದ ಪ್ರಿನ್ಸಿಪೆ ರೈಲ್ವೆ ಸ್ಟೇಷನ್ ಹತ್ತಿರವೇ, ಹಳೇ ಪೇಟೆಯ ಗಲ್ಲಿಗಳೂ ದೂರವಿಲ್ಲ. ಮೊಮ್ಮಗಳಿಗೆ ಬಂದರಿನ ಪಕ್ಕದ ದೊಡ್ಡ ಅಕ್ವೇರಿಯಮ್ ಸಾಕು, ಅರ್ಧ ದಿನ ಹೋಗುತ್ತದೆ. ಮಾರ್ಸೇಯಲ್ಲಿ ಹಡಗು ಊರಿನಿಂದ ಹೊರಗೆ ದೂರದಲ್ಲಿ ನಿಲ್ಲುತ್ತದೆ, ನಡೆಯುವ ಮಾತಿಲ್ಲ. ಬಸ್ ಅಥವಾ ಟ್ಯಾಕ್ಸಿಯಲ್ಲಿ ಹಳೇ ಬಂದರಿಗೆ ಹೋಗಿ ಕೂತರೂ ದಿನ ಸಾರ್ಥಕ. ಪಾಲ್ಮಾದಲ್ಲಿ ಕಡಲಂಚಿನ ದೊಡ್ಡ ಕ್ಯಾಥೆಡ್ರಲ್ ನಾಲ್ಕೈದು ಕಿ.ಮೀ., ಬಸ್ಸಿದೆ. ಈ ಮೂರಕ್ಕೂ ಟೂರ್ ದುಡ್ಡು ಉಳಿಸಿ.

ಬೇರೆಯವರು ಗ್ರೀಸ್ ಕಡೆಯ ಕ್ರೂಸ್ ಬಗ್ಗೆಯೂ ಕೇಳುತ್ತಾರೆ. ಅಲ್ಲಿ ಸಂತೋರಿನಿ ದ್ವೀಪದಲ್ಲಿ ಹಡಗು ಕಟ್ಟೆಗೆ ಬರುವುದೇ ಇಲ್ಲ. ಜ್ವಾಲಾಮುಖಿ ಸಿಡಿದು ಕುಸಿದ ಜಾಗಕ್ಕೆ ಸಮುದ್ರ ನುಗ್ಗಿದೆ, ಅಷ್ಟು ಆಳದಲ್ಲಿ ಹಡಗು ನಡುನೀರಿನಲ್ಲೇ ನಿಲ್ಲುತ್ತದೆ. ಸಣ್ಣ ದೋಣಿಗಳಲ್ಲಿ ನಮ್ಮನ್ನು ದಡಕ್ಕೆ ಬಿಡುತ್ತಾರೆ. ಮೇಲಿನ ಫಿರಾ ಊರಿಗೆ ಕೇಬಲ್ ಕಾರು, ಇಲ್ಲವೇ 600ರ ಹತ್ತಿರ ಮೆಟ್ಟಿಲು, ಇಲ್ಲವೇ ಕತ್ತೆ. ಬಿಸಿಲಲ್ಲಿ ದಿನವಿಡೀ ಜನರನ್ನು ಹೊರುವ ಆ ಕತ್ತೆಗಳನ್ನು ನೋಡಿದ ಮೇಲೆ ದಯವಿಟ್ಟು ಹತ್ತಬೇಡಿ ಅಂತಲೇ ಹೇಳುತ್ತೇನೆ. ನಾವು ಅಲ್ಲಿ ಒಂದು ತಪ್ಪು ಮಾಡಿದೆವು. ಅದೇ ದ್ವೀಪದ ಓಯಾ ಊರಿನಲ್ಲಿ ನೀಲಿ ಗುಮ್ಮಟ ನೋಡುತ್ತಾ ಕೂತು, ಮೂರು ನಿಮಿಷದ ಕೇಬಲ್ ಕಾರಲ್ವಾ ಅಂದುಕೊಂಡು ಕೊನೆಯಲ್ಲಿ ಬಂದೆವು. ಸಾಲು ಬೀದಿಯುದ್ದಕ್ಕೂ ಇತ್ತು. ಅಮ್ಮನನ್ನು ಒಂದು ಗಂಟೆಗಿಂತ ಹೆಚ್ಚು ಹೊತ್ತು ನಿಲ್ಲಿಸಿ, ಕೊನೆಯ ದೋಣಿಗಳಲ್ಲೊಂದನ್ನು ಹಿಡಿದೆವು. ಅಮ್ಮ ಏನೂ ಅನ್ನಲಿಲ್ಲ. ಆದರೆ ಆವತ್ತು ಊಟ ಮಾಡದೆ ಮಲಗಿದರು. ಇಂಥ ದೋಣಿ ಬಂದರುಗಳಲ್ಲಿ ಗಾಳಿ ಜಾಸ್ತಿಯಾದರೆ ಹಡಗು ನಿಲ್ಲದೆ ಹೋಗುವುದೂ ಉಂಟು. ಹಡಗಿನವರ ಟೂರ್ ದುಡ್ಡು ವಾಪಸ್ ಬರುತ್ತದೆ, ಹೊರಗೆ ನೀವೇ ಮಾಡಿದ ಬುಕಿಂಗ್ ಬರದೇ ಇರಬಹುದು.

ವೀಸಾ ವಿಷಯ. ನಿಮ್ಮ ದಾರಿಯ ಸ್ಪೇನ್, ಫ್ರಾನ್ಸ್, ಇಟಲಿ ಮೂರೂ ಷೆಂಗೆನ್ ಒಳಗಿವೆ, ಅಂದರೆ ಒಂದೇ ವೀಸಾದಲ್ಲಿ ಓಡಾಡಬಹುದಾದ ಯುರೋಪಿನ ದೇಶಗಳ ಗುಂಪಿನೊಳಗೆ. ಕ್ರೂಸ್ ನಡುವೆ ಟರ್ಕಿಯ ಕುಶಾದಸಿ, ಮಾಂಟೆನೆಗ್ರೋದ ಕೋಟರ್ ಇದ್ದರೆ ಷೆಂಗೆನ್‌ನಿಂದ ಹೊರಗೆ ಹೋಗಿ ಮತ್ತೆ ಒಳಗೆ ಬಂದಂತೆ. ಅಂಥವರು ಹಲವು ಸಲ ಒಳಬರಲು ಬಿಡುವ ಮಲ್ಟಿಪಲ್ ಎಂಟ್ರಿ ವೀಸಾವನ್ನೇ ಕೇಳಿ ಪಡೆಯಬೇಕು.

ಕೆಳಗೆ ಇಳಿಯುವಾಗ ಹಡಗಿನ ಕಾರ್ಡ್, ಪಾಸ್‌ಪೋರ್ಟ್ ನಕಲು, ದಿನದ ಮಾತ್ರೆ, ನೀರು ಎಲ್ಲರ ಬಳಿಯೂ ಇರಲಿ. ಮೊದಲ ಸಂಜೆಯಿಂದಲೇ ಫೋನ್ ಏರೋಪ್ಲೇನ್ ಮೋಡ್‌ನಲ್ಲಿಡಿ. ಸಮುದ್ರದ ಮೇಲೆ ಅದು ತಾನಾಗೇ ಹಡಗಿನ ಉಪಗ್ರಹ ನೆಟ್‌ವರ್ಕ್ ಹಿಡಿದರೆ ಬಿಲ್ ಸಾವಿರಗಳಲ್ಲಿ ಬರುತ್ತದೆ. ಹಿಂದಿನ ರಾತ್ರಿ ಕೋಣೆಗೆ ಬರುವ ದಿನಚರಿ ಹಾಳೆಯಲ್ಲಿ ಆಲ್ ಅಬೋರ್ಡ್ ಹೊತ್ತು, ಆ ಊರಿನಲ್ಲಿ ಹಡಗಿನವರ ಪರವಾಗಿ ಕೆಲಸ ನೋಡಿಕೊಳ್ಳುವ ಪೋರ್ಟ್ ಏಜೆಂಟ್ ಫೋನ್ ನಂಬರ್ ಎರಡೂ ಇರುತ್ತವೆ. ಅದರ ಫೋಟೋ ತೆಗೆದುಕೊಳ್ಳಿ. ತಡವಾಗುತ್ತದೆ ಅನ್ನಿಸಿದ ಕೂಡಲೇ ಫೋನ್ ಮಾಡಬೇಕಾದದ್ದು ಆ ಏಜೆಂಟ್‌ಗೆ. ಹಡಗು ಹೊರಟೇಹೋದರೂ ಮುಂದಿನ ಬಂದರು ಸೇರುವ ದಾರಿ ಹೇಳುವವರು ಅವರೇ. ಖರ್ಚು ಮಾತ್ರ ನಿಮ್ಮದು.

ಮಗನಿಗೆ ಹೀಗೆ ಹೇಳಿ: ರೋಮ್‌ಗೆ ಹಡಗಿನ ಬಸ್ಸು, ಉಳಿದ ನಾಲ್ಕು ಊರಿಗೆ ನಾವೇ. ನೇಪಲ್ಸ್‌ನಲ್ಲಿ ಅವನು ಮತ್ತು ಸೊಸೆ ಪೊಂಪೇಯಿಗೆ ಹೋಗಿ ಬರಲಿ. ನೀವಿಬ್ಬರು ಮೊಮ್ಮಗಳ ಜೊತೆ ಊರಲ್ಲೇ ಸುತ್ತಾಡಿ. ಹಡಗು ಕಣ್ಣೆದುರಿಗೇ ನಿಂತಿರುತ್ತದೆ, ಸುಸ್ತಾದಾಗ ಹತ್ತೇ ನಿಮಿಷಕ್ಕೆ ಕೋಣೆ ಸೇರಬಹುದು.