ಟರ್ಕಿಯ ಎದೆ ಬ್ರಾಯ್ಲರ್, ತೊಡೆ ನಾಟಿ

ನವೆಂಬರ್ ತಿಂಗಳ ನಾಲ್ಕನೇ ಗುರುವಾರ ಮಧ್ಯಾಹ್ನ ನನ್ನ ಫೋನ್ ಸುಮ್ಮನಿರುವುದಿಲ್ಲ. ನಾನು ನ್ಯೂಜೆರ್ಸಿಯ ಒಂದು ಕೇಟರಿಂಗ್ ಅಡುಗೆಮನೆಯಲ್ಲಿ ಬಾಣಸಿಗ. ಅಂದು ಥ್ಯಾಂಕ್ಸ್‌ಗಿವಿಂಗ್, ಮನೆಮನೆಯಲ್ಲೂ ಇಡೀ ಟರ್ಕಿ ಕೋಳಿ ಬೇಯಿಸುವ ಅಮೆರಿಕದ ಹಬ್ಬ. ಆ ವಾರವೆಂದರೆ ನಮಗೆ ಕೂರಲು ಪುರುಸೊತ್ತಿಲ್ಲ. ಆದರೂ ನಮ್ಮವರು ಫೋನ್ ಮಾಡಿದರೆ ಕೈ ಒರೆಸಿಕೊಂಡು ಎತ್ತುತ್ತೇನೆ. ಮೊದಲ ಸಲ ಟರ್ಕಿ ಕೋಳಿಯನ್ನು ಅವನ್‌ಗೆ ಇಟ್ಟವರ ಗಾಬರಿ ನನಗೆ ಗೊತ್ತು.

ಹೋದ ವರ್ಷ ಫೋನ್ ಮಾಡಿದವಳು ನಮ್ಮ ಹಾಸನದ ಕಡೆಯ ಹುಡುಗಿ. ಮನೆಗೆ ಹನ್ನೆರಡು ಜನ ಬರುವವರಿದ್ದರು.

"ಅಣ್ಣಾ, ಅವನ್‌ಗೆ ಇಟ್ಟು ನಾಲ್ಕು ಗಂಟೆ ಆಯ್ತು. ಮೇಲೆ ಚೆನ್ನಾಗಿ ಕೆಂಪಗಾಗಿದೆ. ತೊಡೆ ಹತ್ರ ಚುಚ್ಚಿದ್ರೆ ಮಾತ್ರ ಇನ್ನೂ ರಕ್ತದ ನೀರು ಬರ್ತಿದೆ. ಏನ್ ಮಾಡ್ಲಿ?"

"ಥರ್ಮಾಮೀಟರ್ ಇದ್ಯೇನಮ್ಮ?"

"ಇಲ್ಲ. ಕೋಳಿ ಜೊತೇಲೇ, ಬೆಂದಾಗ ಮೇಲೇಳೋ ಒಂದು ಪಾಪ್-ಅಪ್ ಬಟನ್ ಬಂದಿದೆ. ಅದು ಇನ್ನೂ ಮೇಲೆದ್ದಿಲ್ಲ."

ಒಳಗಿನ ಬಿಸಿ ಎಷ್ಟಿದೆ ಎಂದು ತಿಳಿಯದೆ "ತೆಗೆದುಬಿಡು" ಎನ್ನುವ ಧೈರ್ಯ ನನಗೆ ಬರಲಿಲ್ಲ. ಊಟಕ್ಕೆ ಮಕ್ಕಳಿದ್ದರು, ವಯಸ್ಸಾದವರಿದ್ದರು. ಇನ್ನೊಂದು ಗಂಟೆ ಬಿಡು ಎಂದೆ. ಯಾರಿಗೂ ಹೊಟ್ಟೆ ಕೆಡಲಿಲ್ಲ, ಅದೇ ಸಮಾಧಾನ. ಆದರೆ ಎದೆಭಾಗ ತೆಂಗಿನ ನಾರಿನಂತಾಗಿತ್ತು. ಬಂದವರೆಲ್ಲ ಗ್ರೇವಿ ಸುರಿದುಕೊಂಡು ತಿಂದರಂತೆ. ಮೂರು ದಿನ ತಯಾರಿ ಮಾಡಿದವಳ ದನಿ ಮಾರನೇ ದಿನ ಸಣ್ಣದಾಗಿತ್ತು. ಈ ಬರಹ ಅವಳಂಥವರಿಗೆ.

ನಾವು ಕೋಳಿ ಸಾರಿನ ಜನ. ಸಾರಿನಲ್ಲಿ ಕೋಳಿ ಮಸಾಲೆ ನೀರಿನಲ್ಲಿ ಮುಳುಗಿರುತ್ತದೆ. ಹತ್ತು ನಿಮಿಷ ಜಾಸ್ತಿ ಕುದಿದರೂ ತುಂಡಿನ ಸುತ್ತ ರಸ ಇದ್ದೇ ಇರುತ್ತದೆ. "ಹಸಿ ಉಳಿಯೋದಕ್ಕಿಂತ ಚೆನ್ನಾಗಿ ಬೇಯಲಿ" ಎಂದು ಅಮ್ಮ ಹೇಳಿದ್ದು ಸಾರಿಗೆ ಸರಿ. ಅವನ್‌ನಲ್ಲಿ ಕೂತ ಟರ್ಕಿಗೆ ಸುತ್ತ ಇರುವುದು ಒಣ ಬಿಸಿಗಾಳಿ ಮಾತ್ರ. ಒಳಗಿನ ರಸ ಒಂದು ಸಲ ಹೊರಬಂದರೆ ಹೋಯಿತು. ಈ ಹಕ್ಕಿ ನಮ್ಮ ದೇಶಕ್ಕೆ ಬಂದು 400 ವರ್ಷ ದಾಟಿದೆ. 1612ರಲ್ಲಿ ಗೋವಾದಿಂದ ಜಹಾಂಗೀರನ ಆಸ್ಥಾನಕ್ಕೆ ಒಂದು ಟರ್ಕಿಯನ್ನು ತಂದಿದ್ದರು, ಚಿತ್ರಕಾರ ಮನ್ಸೂರ್ ಅದರ ಚಿತ್ರವನ್ನೂ ಬರೆದ. ಆದರೆ ನಮ್ಮ ಮನೆಗಳ ಒಲೆಗೆ ಅದು ಹತ್ತಲೇ ಇಲ್ಲ. ಹಾಗಾಗಿ ಅದರ ಹದ ನಮ್ಮ ಕೈಗೆ ತಾನಾಗಿ ಬರುವುದಿಲ್ಲ, ಕಲಿಯಬೇಕು.

ಕಲಿಯಬೇಕಾದ ಮುಖ್ಯ ಸಂಗತಿ ನಮಗೆ ಈಗಾಗಲೇ ಅರ್ಧ ಗೊತ್ತು. ನಾಟಿ ಕೋಳಿಗೂ ಬ್ರಾಯ್ಲರ್‌ಗೂ ಬೇಯುವ ಹೊತ್ತು ಬೇರೆ, ಅಲ್ವಾ? ಟರ್ಕಿಯಲ್ಲಿ ಇವೆರಡೂ ಒಂದೇ ಹಕ್ಕಿಯೊಳಗಿವೆ. ತೊಡೆ ಮತ್ತು ಕಾಲು ನಾಟಿ ಕೋಳಿಯಂತೆ. ದಿನವಿಡೀ ಓಡಾಡಿದ ಸ್ನಾಯು, ನಡುವೆ ಗಟ್ಟಿ ಅಂಟುನಾರು. ಅದು ಕರಗಿ ಮೆತ್ತಗಾಗಲು 175-180 ಡಿಗ್ರಿ ಫ್ಯಾರನ್‌ಹೀಟ್, ಅಂದರೆ ಸುಮಾರು 80 ಸೆಲ್ಸಿಯಸ್‌ವರೆಗೆ ಹೋದರೂ ನಷ್ಟವಿಲ್ಲ, ರುಚಿಯೇ ಹೆಚ್ಚುತ್ತದೆ. ಎದೆಭಾಗ ಬ್ರಾಯ್ಲರ್‌ನಂತೆ. ಅಲ್ಲಿ ಅಂಟುನಾರು ಕಡಿಮೆ, ಕೊಬ್ಬೂ ಕಡಿಮೆ. 150 ಫ್ಯಾರನ್‌ಹೀಟ್ ದಾಟುತ್ತಿದ್ದಂತೆ ಮಾಂಸದ ಎಳೆಗಳು ಬಿಗಿಯುತ್ತವೆ, ಒದ್ದೆ ಬಟ್ಟೆ ಹಿಂಡಿದಂತೆ ರಸವನ್ನು ಹೊರಗೆ ತಳ್ಳುತ್ತವೆ. ಬಿಸಿ ಏರಿದಷ್ಟೂ ಹಿಂಡು ಜಾಸ್ತಿ. ಅಮೆರಿಕದ ಕೃಷಿ ಇಲಾಖೆ ಹೇಳುವ ಸುರಕ್ಷಿತ ಮಟ್ಟ ಎಲ್ಲ ಭಾಗಕ್ಕೂ 165 ಫ್ಯಾರನ್‌ಹೀಟ್, ಅಂದರೆ 74 ಸೆಲ್ಸಿಯಸ್. ಎದೆ ಅಲ್ಲಿಗೆ ಮುಟ್ಟಬೇಕು, ಅದನ್ನು ದಾಟಿ ದೂರ ಹೋಗಬಾರದು. ತೊಡೆ ಅದನ್ನು ದಾಟಿದರೆ ಒಳ್ಳೆಯದು. ನಾನು ಕೆಳಗೆ ಹೇಳುವುದೆಲ್ಲ ಈ ಎರಡನ್ನೂ ಒಟ್ಟಿಗೆ ಸಾಧಿಸಲಿಕ್ಕೆ.

ಆ ಹುಡುಗಿಯ ಕೋಳಿ ಕೆಟ್ಟಿದ್ದು ಗುರುವಾರವಲ್ಲ, ಮಂಗಳವಾರ. 16 ಪೌಂಡಿನ, ಅಂದರೆ ಏಳು ಕಿಲೋ ದಾಟಿದ ಹಕ್ಕಿಯನ್ನು ಅವಳು ಫ್ರೀಜರ್‌ನಿಂದ ಫ್ರಿಜ್‌ಗೆ ಇಳಿಸಿದ್ದು ಮಂಗಳವಾರ ರಾತ್ರಿ. ಫ್ರಿಜ್‌ನಲ್ಲಿ ಪ್ರತಿ 4-5 ಪೌಂಡಿಗೆ ಪೂರ್ತಿ 24 ಗಂಟೆ ಬೇಕು. ಅವಳ ಹಕ್ಕಿಗೆ ನಾಲ್ಕು ದಿನ. ಗುರುವಾರ ಬೆಳಗ್ಗೆ ಹೊರಗೆ ಮೆತ್ತಗಿತ್ತು, ಹೊಟ್ಟೆಯ ಒಳಗೋಡೆ ಮತ್ತು ತೊಡೆಯ ಬುಡ ಮಾತ್ರ ಇನ್ನೂ ಹೆಪ್ಪುಗಟ್ಟಿಯೇ ಇತ್ತು. ಆ ಭಾಗ ಬೇಯುವಷ್ಟರಲ್ಲಿ ಎದೆ ಒಣಗಿ ಹೋಯಿತು. ಈ ಸಲ ಅವಳು ಶನಿವಾರವೇ ಕೆಳಗಿಳಿಸುತ್ತೇನೆ ಎಂದಿದ್ದಾಳೆ. ಫ್ರಿಜ್‌ನಲ್ಲಿ ಪೂರ್ತಿ ಕರಗಿದ ಮೇಲೂ ಒಂದೆರಡು ದಿನ ಇರಬಹುದು, ತೊಂದರೆಯಿಲ್ಲ.

ಹೊತ್ತು ಮೀರಿದ್ದರೆ ತಣ್ಣೀರಿನಲ್ಲಿ ಕರಗಿಸಬಹುದು. ನೀರು ಸೋರದ ಕವರಿನಲ್ಲಿ ಕಟ್ಟಿ ಮುಳುಗಿಸಿ, ಅರ್ಧ ಗಂಟೆಗೊಮ್ಮೆ ನೀರು ಬದಲಿಸಿ. ಪೌಂಡಿಗೆ ಅರ್ಧ ಗಂಟೆ ಲೆಕ್ಕ. ಹಾಗೆ ಕರಗಿಸಿದ್ದನ್ನು ಕೂಡಲೇ ಬೇಯಿಸಬೇಕು. ರಾತ್ರಿ ಅಡುಗೆಕಟ್ಟೆಯ ಮೇಲಿಟ್ಟು ಮಲಗುವುದು ಮಾತ್ರ ಬೇಡವೇ ಬೇಡ. ಒಳಗೆ ಐಸ್ ಇರುವಾಗಲೇ ಹೊರಗಿನ ಮಾಂಸ 40 ಫ್ಯಾರನ್‌ಹೀಟ್ ದಾಟಿರುತ್ತದೆ. 40ರಿಂದ 140, ಅಂದರೆ 4ರಿಂದ 60 ಸೆಲ್ಸಿಯಸ್ ನಡುವೆ ರೋಗಾಣುಗಳು ಬೇಗ ಬೇಗ ಬೆಳೆಯುತ್ತವೆ.

ಇನ್ನೊಂದು ಮಾತು ನಮ್ಮವರಿಗೆ ಒಪ್ಪಿಸುವುದು ಕಷ್ಟ. ಟರ್ಕಿಯನ್ನು ತೊಳೆಯಬೇಡಿ. ಅರಿಶಿನ, ಉಪ್ಪು ಹಾಕಿ ಮೂರ್ನಾಲ್ಕು ಸಲ ತೊಳೆಯದೆ ಕೋಳಿಯನ್ನು ಪಾತ್ರೆಗೆ ಹಾಕಿದ್ದನ್ನು ನಾನೂ ಮನೆಯಲ್ಲಿ ನೋಡಿಲ್ಲ. ಬಿಡಲು ನನಗೂ ವರ್ಷಗಳೇ ಬೇಕಾದವು. ಆದರೆ ಇಷ್ಟು ದೊಡ್ಡ ಹಕ್ಕಿಯನ್ನು ನಲ್ಲಿಯ ಕೆಳಗೆ ಹಿಡಿದರೆ ನೀರು ಎಲ್ಲ ಕಡೆ ಸಿಡಿಯುತ್ತದೆ. ಸಾಲ್ಮೊನೆಲ್ಲ, ಕ್ಯಾಂಪಿಲೋಬ್ಯಾಕ್ಟರ್‌ನಂಥ ರೋಗಾಣುಗಳಿದ್ದರೆ ಪಕ್ಕದಲ್ಲಿಟ್ಟ ಕೊತ್ತಂಬರಿ ಸೊಪ್ಪಿಗೂ ಹತ್ತುತ್ತವೆ. ಸೊಪ್ಪನ್ನು ನಾವು ಹಸಿಯಾಗಿಯೇ ಉದುರಿಸುತ್ತೇವೆ. ಕೋಳಿಯ ಮೇಲಿರುವುದನ್ನು ಅವನ್‌ನ ಬಿಸಿ ಕೊಲ್ಲುತ್ತದೆ, ಸೊಪ್ಪಿನ ಮೇಲಿರುವುದನ್ನು ಕೊಲ್ಲುವವರಿಲ್ಲ. ಪೇಪರ್ ಟವಲ್‌ನಿಂದ ಒತ್ತಿ ಒರೆಸಿ, ಅಷ್ಟು ಸಾಕು. ಒಣ ಚರ್ಮ ಗರಿಗರಿಯಾಗುತ್ತದೆ, ಅದೂ ಲಾಭವೇ. ಹಾಗೇ ಹೊಟ್ಟೆಯೊಳಗೂ ಕುತ್ತಿಗೆಯ ಸಂದಿಯಲ್ಲೂ ಕೈ ಹಾಕಿ ನೋಡಿ. ಕುತ್ತಿಗೆ, ಈಲಿ, ಗುಂಡಿಗೆ ಇರುವ ಪೊಟ್ಟಣ ಅಲ್ಲಿರುತ್ತದೆ. ಗ್ರೇವಿಗೆ ಬೇಕಾಗುತ್ತದೆ.

ಉಪ್ಪಿನ ವಿಷಯ. ಮೊದಲು ಲೇಬಲ್ ಓದಿ. ಎಷ್ಟೋ ಟರ್ಕಿಗಳಿಗೆ ಕಾರ್ಖಾನೆಯಲ್ಲೇ ಉಪ್ಪುನೀರು ಚುಚ್ಚಿರುತ್ತಾರೆ. ಅಂಥದ್ದಕ್ಕೆ ಮತ್ತೆ ಉಪ್ಪು ಬೇಡ. ಹಾಗಿಲ್ಲದಿದ್ದರೆ ಕಿಲೋಗೆ 6ರಿಂದ 8 ಗ್ರಾಂ ಉಪ್ಪನ್ನು ತೂಕ ಮಾಡಿ ಒಳಗೆ, ಹೊರಗೆ, ಎದೆಯ ಚರ್ಮದಡಿಯಲ್ಲಿ ಸವರಿ ಒಂದೆರಡು ದಿನ ಫ್ರಿಜ್‌ನಲ್ಲಿಡಿ. ಮೊದಲು ಉಪ್ಪು ಮಾಂಸದಿಂದ ನೀರೆಳೆಯುತ್ತದೆ. ಆ ನೀರಲ್ಲೇ ಕರಗಿ ನಿಧಾನವಾಗಿ ಒಳಕ್ಕೆ ಹೋಗುತ್ತದೆ. ಉಪ್ಪು ಹಿಡಿದ ಮಾಂಸದ ಎಳೆ ಸಡಿಲವಾಗುತ್ತದೆ, ಬೆಂದಾಗ ಅಷ್ಟು ಜೋರಾಗಿ ಹಿಂಡಿಕೊಳ್ಳುವುದಿಲ್ಲ. ಕೊನೆಯ ರಾತ್ರಿ ಫ್ರಿಜ್‌ನ ಕೆಳಗಿನ ಶೆಲ್ಫ್‌ನಲ್ಲಿ, ಅಂಚಿರುವ ಟ್ರೇಯಲ್ಲಿ, ಮುಚ್ಚದೆ ಇಡಿ. ಉಪ್ಪುನೀರಿನ ಬಕೆಟ್‌ನಲ್ಲಿ ಮುಳುಗಿಸಿಡುವ ಪದ್ಧತಿಯೂ ಇದೆ. ನನಗೆ ಅದು ಹಿಡಿಸಿಲ್ಲ. ಮಾಂಸ ನೀರು ಕುಡಿಯುತ್ತದೆ, ನಿಜ, ಆದರೆ ರುಚಿ ಸಪ್ಪೆಯಾಗುತ್ತದೆ. ತಂದೂರಿಯಂತೆ ಮೊಸರು-ಮಸಾಲೆ ದಪ್ಪಗೆ ಬಳಿಯುವುದೂ ಬೇಡ. ಮೂರು ಗಂಟೆಯ ಕಾವಿಗೆ ಮಸಾಲೆ ಸೀದುಹೋಗುತ್ತದೆ. ಬೆಣ್ಣೆಗೆ ಕಾಳುಮೆಣಸು, ಬೆಳ್ಳುಳ್ಳಿ ಕಲಸಿ ಚರ್ಮದಡಿ ಸವರಿ. ಅಲ್ಲಿ ಅದು ಸೀಯುವುದಿಲ್ಲ.

ಅವನ್ 325 ಫ್ಯಾರನ್‌ಹೀಟ್‌ಗಿಂತ, ಅಂದರೆ ಸುಮಾರು 163 ಸೆಲ್ಸಿಯಸ್‌ಗಿಂತ ಕಡಿಮೆ ಇಡಬೇಡಿ. ರಾತ್ರಿಯೆಲ್ಲ ಸಣ್ಣ ಕಾವಿನಲ್ಲಿ ಬಿಡುವ ಹಳೇ ಪದ್ಧತಿ ಅಪಾಯದ್ದು. 12-14 ಪೌಂಡಿನ ಹಕ್ಕಿಗೆ ಹೊಟ್ಟೆಯಲ್ಲಿ ಏನೂ ತುಂಬದಿದ್ದರೆ ಮೂರರಿಂದ ಮೂರೂಮುಕ್ಕಾಲು ಗಂಟೆ. ಸ್ಟಫಿಂಗ್, ಅಂದರೆ ಹೊಟ್ಟೆಗೆ ತುಂಬುವ ಮಿಶ್ರಣ, ಬೇಕಿದ್ದರೆ ಬೇರೆ ಪಾತ್ರೆಯಲ್ಲಿ ಮಾಡಿ. ಒಳಗೆ ತುಂಬಿದರೆ ಅದೂ 165 ಮುಟ್ಟಬೇಕು, ಅದಕ್ಕಾಗಿ ಎದೆ ಬಲಿಯಾಗುತ್ತದೆ. ಎದೆಯ ಬಣ್ಣ ಬಂದ ಕೂಡಲೇ ಅಲ್ಲಿಗೆ ಮಾತ್ರ ಫಾಯಿಲ್ ಮುಚ್ಚಿ, ತೊಡೆ ಬಿಚ್ಚಿರಲಿ. ಪದೇ ಪದೇ ಬಾಗಿಲು ತೆಗೆದು ಮೇಲೆ ರಸ ಹೊಯ್ಯುವುದರಿಂದ ಮಾಂಸದೊಳಗೆ ಒಂದು ಹನಿಯೂ ಹೋಗುವುದಿಲ್ಲ. ಅವನ್ ತಣ್ಣಗಾಗುತ್ತದೆ, ಅಷ್ಟೆ.

ಇಡೀ ಹಕ್ಕಿಯನ್ನು ಮೇಜಿನ ಮೇಲೆ ತೋರಿಸಲೇಬೇಕು ಎಂಬ ಆಸೆ ಇಲ್ಲದವರಿಗೆ ನಾನು ಬೇರೆ ದಾರಿ ಹೇಳುತ್ತೇನೆ. ದೊಡ್ಡ ಕತ್ತರಿಯಿಂದ ಬೆನ್ನುಮೂಳೆ ಕತ್ತರಿಸಿ ತೆಗೆಯಿರಿ, ತಿರುಗಿಸಿ ಎದೆಮೂಳೆಯ ಮೇಲೆ ಎರಡೂ ಅಂಗೈ ಇಟ್ಟು ಒತ್ತಿ. ಲಟಕ್ ಎಂದು ಸದ್ದಾಗಿ ಚಪ್ಪಟೆಯಾಗುತ್ತದೆ. ಈಗ ತೊಡೆ ಎದೆಯ ಕೆಳಗೆ ಅಡಗಿಲ್ಲ, ಬಿಸಿ ಅದಕ್ಕೆ ನೇರವಾಗಿ ತಾಗುತ್ತದೆ. 425-450 ಫ್ಯಾರನ್‌ಹೀಟ್‌ನಲ್ಲಿ 12 ಪೌಂಡಿನದು ಸುಮಾರು ಒಂದೂವರೆ ಗಂಟೆಯಲ್ಲಿ ಆಗುತ್ತದೆ. ನಮ್ಮ ಮನೆಯಲ್ಲಿ ನಾನು ಮಾಡುವುದು ಹೀಗೆಯೇ.

ಹೇಗೆ ಮಾಡಿದರೂ ಥರ್ಮಾಮೀಟರ್ ಬೇಕು. ಪಾಪ್-ಅಪ್ ಬಟನ್ ತಾನು ಚುಚ್ಚಿಕೊಂಡಿರುವ ಒಂದು ಜಾಗವನ್ನು ಮಾತ್ರ ನೋಡುತ್ತದೆ, ತೊಡೆಯ ಸುದ್ದಿ ಅದಕ್ಕೆ ಗೊತ್ತಿಲ್ಲ. ಬಣ್ಣವನ್ನೂ ನಂಬಬೇಡಿ. ಪೂರ್ತಿ ಬೆಂದ ಟರ್ಕಿ ಮೂಳೆಯ ಹತ್ತಿರ ಗುಲಾಬಿ ಇರಬಹುದು. ರಸ ತಿಳಿಯಾಗಿದ್ದೂ ಒಳಗೆ ಬೆಂದಿರದೇ ಇರಬಹುದು.

ಚುಚ್ಚುವ ಬಗೆ ಹೀಗೆ. ಎದೆಯ ಅತಿ ದಪ್ಪ ಜಾಗದಲ್ಲಿ, ಮೂಳೆಗೆ ತಾಗದಂತೆ, ಥರ್ಮಾಮೀಟರ್‌ನ ಕಡ್ಡಿಯನ್ನು ನಿಧಾನವಾಗಿ ಒಳಕ್ಕೆ ತಳ್ಳುತ್ತಾ ಸಂಖ್ಯೆ ನೋಡಿ. ಮೊದಲು 180 ತೋರಿಸುತ್ತದೆ, ಸ್ವಲ್ಪ ಒಳಗೆ ಹೋದರೆ 170, ಇನ್ನೂ ಒಳಗೆ 161, 157. ಮತ್ತೂ ತಳ್ಳಿದರೆ ತಿರುಗಿ ಏರತೊಡಗುತ್ತದೆ. ದಾರಿಯಲ್ಲಿ ಕಂಡ ಅತಿ ಕಡಿಮೆ ಸಂಖ್ಯೆಯೇ ನಿಜವಾದದ್ದು, ಅದೇ ಹಕ್ಕಿಯ ನಡುಭಾಗ. ಎದೆಯ ಎರಡೂ ಕಡೆ, ತೊಡೆಯ ಒಳಬದಿ, ರೆಕ್ಕೆಯ ಬುಡ, ಎಲ್ಲ ನೋಡಿ.

ತೊಡೆ ಮತ್ತು ರೆಕ್ಕೆಯ ಬುಡ 165 ದಾಟಿ, ಎದೆ 160ಕ್ಕೆ ಬಂದಾಗ ನಾನು ಹೊರಗೆ ತೆಗೆಯುತ್ತೇನೆ. ಕಡ್ಡಿ ಎದೆಯಲ್ಲೇ ಇರುತ್ತದೆ. ಹೊರಮೈಯ ಬಿಸಿ ಒಳಕ್ಕೆ ಇಳಿಯುತ್ತಲೇ ಇರುತ್ತದೆ, ಹತ್ತು-ಹದಿನೈದು ನಿಮಿಷದಲ್ಲಿ 5ರಿಂದ 10 ಡಿಗ್ರಿ ತಾನೇ ಏರುತ್ತದೆ. 165 ಕಣ್ಣಾರೆ ನೋಡುವವರೆಗೆ ನಾನು ಚಾಕು ಮುಟ್ಟುವುದಿಲ್ಲ. ಏರದಿದ್ದರೆ ಮತ್ತೆ ಅವನ್‌ಗೆ. ಬಿಸಿ ಅವನ್‌ನಲ್ಲಿ ಬೆಂದ ದೊಡ್ಡ ಹಕ್ಕಿ ಹೆಚ್ಚು ಏರುತ್ತದೆ, ಸಣ್ಣದು ಕಡಿಮೆ. ಹಾಗಾಗಿ ಅಂದಾಜಿನ ಮೇಲೆ ಬಿಡಬೇಡಿ.

165 ಬಂದಮೇಲೂ ಕತ್ತರಿಸಬೇಡಿ. ಇಲ್ಲಿ ಎಲ್ಲರೂ ಸೋಲುತ್ತಾರೆ. ಮನೆ ತುಂಬ ಘಮ, ಎಲ್ಲರೂ ತಟ್ಟೆ ಹಿಡಿದು ನಿಂತಿದ್ದಾರೆ. ಒಂದು ಸಲ ನಮ್ಮ ಅಡುಗೆಮನೆಯಲ್ಲಿ ಹೊಸ ಹುಡುಗರಿಗೆ ತೋರಿಸಲೆಂದೇ ಒಂದೇ ತೂಕದ ಎರಡು ಟರ್ಕಿ ಒಟ್ಟಿಗೆ ತೆಗೆದೆ. ಒಂದನ್ನು ಆಗಲೇ ಕೊಯ್ದೆ. ಚಾಕು ಇಳಿದ ಕೂಡಲೇ ರಸ ಹಲಗೆಯ ಕಾಲುವೆ ತುಂಬಿ, ಅಂಚು ದಾಟಿ, ಸ್ಟೀಲ್ ಮೇಜಿನ ಮೇಲೆ ಹರಿಯಿತು. ಹೋಳುಗಳು ನೋಡುತ್ತಿದ್ದಂತೆ ಮಂಕಾದವು. ಇನ್ನೊಂದನ್ನು ನಲವತ್ತು ನಿಮಿಷ ಬಿಟ್ಟು ಕೊಯ್ದೆ. ಹಲಗೆ ಒದ್ದೆಯಾಯಿತು, ಹರಿಯಲಿಲ್ಲ. ಹೋಳಿನ ಮೇಲ್ಮೈ ಹೊಳೆಯುತ್ತಿತ್ತು, ಬೆರಳಲ್ಲಿ ಒತ್ತಿದರೆ ರಸ ಜಿನುಗುತ್ತಿತ್ತು.

ಕಾರಣ ಕಷ್ಟದ್ದೇನಲ್ಲ. ತುಂಬ ಬಿಸಿಯಿರುವಾಗ ಒಳಗಿನ ರಸ ನೀರಿನಷ್ಟು ತೆಳು, ಎಳೆಗಳು ಬಿಗಿಯಾಗಿವೆ. ಸ್ವಲ್ಪ ಆರಿದರೆ ಎಳೆ ಸಡಿಲವಾಗುತ್ತದೆ, ರಸ ಮಂದವಾಗಿ ಅಲ್ಲೇ ಅಂಟಿ ನಿಲ್ಲುತ್ತದೆ. ಕಾಲು ಸೂಪ್ ಆರಿದಾಗ ತುಟಿಗೆ ಅಂಟುತ್ತದಲ್ಲ, ಹಾಗೆ. ಬಿರಿಯಾನಿ ದಮ್ ಇಳಿಸಿದ ಕೂಡಲೇ ಮುಚ್ಚಳ ತೆಗೆದು ಕೆದಕುವವರನ್ನು ನಾವು ಬೈಯುತ್ತೇವೆ. ಟರ್ಕಿಗೂ ಅದೇ ಮರ್ಯಾದೆ ಕೊಡಿ. ಕನಿಷ್ಠ 20 ನಿಮಿಷ, ದೊಡ್ಡದಕ್ಕೆ 30ರಿಂದ 45. ಫಾಯಿಲ್ ಸಡಿಲವಾಗಿ ಹೊದಿಸಿ. ಬಿಗಿಯಾಗಿ ಸುತ್ತಿದರೆ ಹಬೆಗೆ ಚರ್ಮ ಮೆತ್ತಗಾಗುತ್ತದೆ. ತಣ್ಣಗಾದೀತು ಎಂಬ ಭಯ ಬೇಡ, ಇಷ್ಟು ದೊಡ್ಡ ಮಾಂಸ ಮುಕ್ಕಾಲು ಗಂಟೆ ಕಳೆದರೂ ಒಳಗೆ ಬಿಸಿಯಾಗಿಯೇ ಇರುತ್ತದೆ. ಅಷ್ಟರಲ್ಲಿ ಖಾಲಿಯಾದ ಅವನ್‌ನಲ್ಲಿ ಬೇರೆ ಪದಾರ್ಥ ಬಿಸಿ ಮಾಡಿ, ಟ್ರೇಯ ರಸದಿಂದ ಗ್ರೇವಿ ಮಾಡಿ.

ಕೊಯ್ಯುವಾಗ ಮೊದಲು ಕಾಲು ಬಿಡಿಸಿ. ಎದೆಯನ್ನು ಮೂಳೆಯಿಂದ ಇಡಿಯಾಗಿ ತೆಗೆದು, ಎಳೆಗೆ ಅಡ್ಡವಾಗಿ ಹೋಳು ಮಾಡಿ.

ಉಳಿದದ್ದು ಎರಡು ಗಂಟೆಯೊಳಗೆ ಫ್ರಿಜ್ ಸೇರಬೇಕು. ಮೂಳೆ ಬಿಡಿಸಿ, ಅಗಲವಾದ ಚಪ್ಪಟೆ ಡಬ್ಬಿಗಳಲ್ಲಿ ಹಾಕಿ. ದೊಡ್ಡ ಪಾತ್ರೆ ಗ್ರೇವಿಯನ್ನು ಒಲೆಯ ಮೇಲೇ ಬಿಟ್ಟು ಬೆಳಗ್ಗೆ ಕುದಿಸಿದರಾಯಿತು ಎನ್ನಬೇಡಿ. ಕ್ಲಾಸ್ಟ್ರಿಡಿಯಂ ಪರ್ಫ್ರಿಂಜೆನ್ಸ್ ಎಂಬ ಬ್ಯಾಕ್ಟೀರಿಯಾದ ಬೀಜಾಣುಗಳು ಕುದಿತಕ್ಕೂ ಉಳಿಯುತ್ತವೆ, ಪಾತ್ರೆ ನಿಧಾನವಾಗಿ ತಣಿಯುವಾಗ ಮೊಳೆತು ಬೆಳೆಯುತ್ತವೆ. ಹಬ್ಬದ ಮಾರನೇ ದಿನದ ಹೊಟ್ಟೆನೋವಿಗೆ ಎಷ್ಟೋ ಸಲ ಇದೇ ಮೂಲ. ಫ್ರಿಜ್‌ನಲ್ಲಿ ಮೂರ್ನಾಲ್ಕು ದಿನ ಇಡಬಹುದು. ಬಿಸಿ ಮಾಡುವಾಗ ಮತ್ತೆ 165, ಗ್ರೇವಿಯಾದರೆ ಚೆನ್ನಾಗಿ ಕುದಿಬರಲಿ.

ಮೂಳೆಗಳನ್ನು ಎಸೆಯಬೇಡಿ. ಶುಕ್ರವಾರ ಬೆಳಗ್ಗೆ ಒಂದು ಈರುಳ್ಳಿ, ಶುಂಠಿ, ಕುಟ್ಟಿದ ಮೆಣಸು ಹಾಕಿ ಎರಡು ಗಂಟೆ ಸಣ್ಣ ಉರಿಯಲ್ಲಿ ಬಿಟ್ಟು ಸೋಸಿ. ಆ ರಸಕ್ಕೆ ಬೆಳ್ಳುಳ್ಳಿ ಒಗ್ಗರಣೆ ಕೊಟ್ಟು, ಉಳಿದ ತೊಡೆಯ ಮಾಂಸ ಹರಿದು ಹಾಕಿ, ಕುದಿಬಂದ ಮೇಲೆ ಬಿಸಿ ಮುದ್ದೆಯ ಜೊತೆ ಬಡಿಸಿ.